ಬೆಳಕಿನ ಹೊತ್ತು, ಅಡುಗೆಯ ಹೊತ್ತು

ಚಿಕ್ಕಬಳ್ಳಾಪುರ ಸೀಮೆಯಲ್ಲಿ ಕ್ಯಾಮರಾ ಹಿಡಿದು ಮೂರು ದಿನ

ಪ್ರವಾಸ ಎಂದಾಕ್ಷಣ ನಮ್ಮ ಹೆಚ್ಚಿನ ಮನೆಗಳಲ್ಲಿ ಮೊದಲು ಆರಂಭವಾಗುವುದು ಅಡುಗೆಯ ಚರ್ಚೆ. ಎಷ್ಟು ಜನರಿದ್ದಾರೆ, ಬಿರಿಯಾನಿಗೆ ಎಷ್ಟು ಕಿಲೋ ಅಕ್ಕಿ, ಚಹಾಕ್ಕೆ ಒಲೆ ಕೊಂಡೊಯ್ಯಬೇಕೇ, ಮಗುವಿನ ಹಾಲಿಗೆ ಏನು ವ್ಯವಸ್ಥೆ? ಈ ಪ್ರಶ್ನೆಗಳಿಗೆಲ್ಲ ಉತ್ತರ ಹುಡುಕುವವಳು ಗೃಹಿಣಿ. ಹೊರಡುವ ದಿನ ಎಲ್ಲರಿಗಿಂತ ಮೊದಲು ಏಳುವವಳು, ಮರಳಿದ ರಾತ್ರಿ ಪಾತ್ರೆ ತೊಳೆದು ಎಲ್ಲರಿಗಿಂತ ಕೊನೆಗೆ ಮಲಗುವವಳು ಕೂಡಾ ಅವಳೇ. ಮನೆಯ ಅಡುಗೆಕೋಣೆ ಒಂದು ದಿನದ ಮಟ್ಟಿಗೆ ರಸ್ತೆ ಬದಿಗೆ ಸ್ಥಳಾಂತರವಾಗುತ್ತದೆ, ಅಷ್ಟೇ.

ಮದುವೆ, ಬಾಣಂತನ, ಆಸ್ಪತ್ರೆ, ಬಂಧುಗಳ ಮರಣ - ಮಹಿಳೆಯ ಪ್ರಯಾಣಕ್ಕೆ ಯಾವಾಗಲೂ ಒಂದು ಕಾರಣವಿರುತ್ತದೆ. ಸುಮ್ಮನೆ ನೋಡುವುದಕ್ಕಾಗಿ, ಮನಸ್ಸು ಬಂದಲ್ಲಿ ನಿಲ್ಲುವುದಕ್ಕಾಗಿ ಆಕೆ ಹೊರಟದ್ದು ಎಷ್ಟು ಸಲ? ಮನೆಯ ಆಲ್ಬಮನ್ನೋ ಫೋನನ್ನೋ ತೆರೆದು ನೋಡಿ. ಬೆಟ್ಟದ ಮುಂದೆ ಮಾವ, ಕೆರೆಯ ಮುಂದೆ ಮಕ್ಕಳು, ಕೋಟೆಯ ಬಾಗಿಲಲ್ಲಿ ಎಲ್ಲರೂ ಸಾಲಾಗಿ ನಿಂತಿರುತ್ತಾರೆ. ಬೆಟ್ಟವೂ ಕೆರೆಯೂ ಅವರ ಹೆಗಲ ಹಿಂದೆ ತುಸುವೇ ಕಾಣುತ್ತವೆ.

ಬೆಟ್ಟವನ್ನೇ, ಕೆರೆಯನ್ನೇ, ಬೆಳಗಿನ ಮಂಜನ್ನೇ ಚಿತ್ರವಾಗಿಸುವ ಹವ್ಯಾಸ ನಮ್ಮ ಸಹೋದರಿಯರಿಗೆ ಬಹಳ ಚೆನ್ನಾಗಿ ಒಗ್ಗುತ್ತದೆ. ತಮ್ಮ ಮುಖದ ಚಿತ್ರ ಹತ್ತಾರು ಫೋನುಗಳಲ್ಲಿ ಸುತ್ತುವುದು ಹಲವರಿಗೆ ಇಷ್ಟವಿಲ್ಲ. ಜೀವಿಗಳ ಚಿತ್ರದ ಬಗ್ಗೆ ಭಿನ್ನಾಭಿಪ್ರಾಯವಿರುವ ಮನೆಗಳಲ್ಲಿಯೂ ಮರ, ಬಂಡೆ, ನೀರಿನ ಚಿತ್ರಕ್ಕೆ ಆಕ್ಷೇಪವಿರುವುದಿಲ್ಲ. ದೊಡ್ಡ ಕ್ಯಾಮರಾ ಬೇಕೆಂದೇನೂ ಇಲ್ಲ, ಕೈಯಲ್ಲಿರುವ ಫೋನು ಸಾಕು. ಬೇಕಾದದ್ದು ಸ್ವಲ್ಪ ಯೋಜನೆ ಮತ್ತು ಅವಸರವಿಲ್ಲದ ಮೂರು ದಿನ.

ಒಂದೇ ರಸ್ತೆ, ನಾಲ್ಕು ಊರು

ಬೆಂಗಳೂರಿನಿಂದ ಉತ್ತರಕ್ಕೆ ಸುಮಾರು 60 ಕಿಲೋಮೀಟರ್ ದೂರದಲ್ಲಿ ಚಿಕ್ಕಬಳ್ಳಾಪುರವಿದೆ. 2007ರಲ್ಲಿ ಕೋಲಾರದಿಂದ ಬೇರ್ಪಟ್ಟು ಜಿಲ್ಲೆಯಾದ ಈ ಸೀಮೆಯಲ್ಲಿ ಕರಾವಳಿಯ ಸಮುದ್ರವಿಲ್ಲ, ಮಲೆನಾಡಿನ ಕಾಡಿಲ್ಲ, ವರ್ಷವಿಡೀ ಹರಿಯುವ ಹೊಳೆಯೂ ಇಲ್ಲ. ಇಲ್ಲಿರುವುದು ಬರಿಮೈಯ ಬಂಡೆಬೆಟ್ಟಗಳು, ಹಿರಿಯರು ಕಟ್ಟಿದ ಕೆರೆಗಳು, ರಾಗಿ ಹೊಲ, ದ್ರಾಕ್ಷಿ ಚಪ್ಪರ, ಹೂತೋಟ, ಹಿಪ್ಪುನೇರಳೆಯ ಹಸಿರು ಸಾಲು. ಮರಗಳು ಕಡಿಮೆ ಇರುವುದರಿಂದ ಕಣ್ಣು ಬಹಳ ದೂರ ಹೋಗುತ್ತದೆ. ಚಿತ್ರ ತೆಗೆಯುವವರಿಗೆ ಇದು ದೊಡ್ಡ ಅನುಕೂಲ.

ಇನ್ನೊಂದು ಅನುಕೂಲ ರಸ್ತೆಯದ್ದು. ಹೊನ್ನಾವರದಿಂದ ಚಿತ್ತೂರಿನ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 69 ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ - ಈ ನಾಲ್ಕೂ ಊರುಗಳನ್ನು ಒಂದೇ ದಾರದಲ್ಲಿ ಪೋಣಿಸಿದಂತೆ ಹಾದುಹೋಗುತ್ತದೆ. ಒಂದು ತುದಿಯಿಂದ ಇನ್ನೊಂದು ತುದಿಗೆ ಸುಮಾರು 80 ಕಿಲೋಮೀಟರ್. ಅವಸರದಲ್ಲಿ ಹೊರಟವರು ಎರಡು ಗಂಟೆಯಲ್ಲಿ ಮುಗಿಸಬಹುದು. ನಾವು ಮೂರು ದಿನ ತೆಗೆದುಕೊಳ್ಳೋಣ.

ಯಾವ ತಿಂಗಳು ಒಳ್ಳೆಯದು? ಮಳೆಗಾಲ ಮುಗಿದ ಮೇಲಿನ ನವೆಂಬರ್‌ನಿಂದ ಜನವರಿಯವರೆಗಿನ ದಿನಗಳು. ಆಗ ಕೆರೆಗಳಲ್ಲಿ ನೀರಿರುತ್ತದೆ, ರಾಗಿ ಕೊಯ್ಲು ನಡೆದು ಹೊಲಗಳಲ್ಲಿ ಮೆದೆಗಳೆದ್ದಿರುತ್ತವೆ, ಸಂತೆಗಳಿಗೆ ಅವರೆಕಾಯಿ ಬಂದಿರುತ್ತದೆ, ಬೆಳಿಗ್ಗೆ ತಗ್ಗುಗಳಲ್ಲಿ ಮಂಜು ಕೂತಿರುತ್ತದೆ. ಶನಿವಾರ, ಭಾನುವಾರಗಳನ್ನು ತಪ್ಪಿಸಿದರೆ ಬೆಂಗಳೂರಿನ ವಾಹನಗಳ ಸಾಲೂ ತಪ್ಪುತ್ತದೆ.

ಸೂರ್ಯ ಬೆನ್ನ ಹಿಂದಿರಲಿ

ಮಧ್ಯಾಹ್ನದ ನೆತ್ತಿಯ ಬಿಸಿಲಿನಲ್ಲಿ ಬಂಡೆ ಬೆಳ್ಳಗೆ, ಚಪ್ಪಟೆಯಾಗಿ ಕಾಣುತ್ತದೆ. ಸೂರ್ಯ ತಗ್ಗಿನಲ್ಲಿರುವಾಗ ಅದೇ ಬಂಡೆಗೆ ಬಣ್ಣ ಬರುತ್ತದೆ, ನೆರಳು ಬೀಳುತ್ತದೆ, ಉಬ್ಬು ತಗ್ಗು ಕಾಣುತ್ತದೆ. ಹಾಗಾಗಿ ಒಳ್ಳೆಯ ಚಿತ್ರದ ಹೊತ್ತು ದಿನಕ್ಕೆರಡು ಬಾರಿ ಬರುತ್ತದೆ: ಫಜ್ರ್ ನಮಾಝಿನ ನಂತರದ ಒಂದೂವರೆ ಗಂಟೆ ಮತ್ತು ಅಸರ್‌ನಿಂದ ಮಗ್ರಿಬ್‌ವರೆಗಿನ ಅವಧಿ. ಡಿಸೆಂಬರ್-ಜನವರಿಯಲ್ಲಿ ಇಲ್ಲಿ 6.30ರಿಂದ 6.45ರ ನಡುವೆ ಸೂರ್ಯೋದಯವಾಗುತ್ತದೆ, ಸಂಜೆ 6 ಗಂಟೆಯ ಆಸುಪಾಸಿನಲ್ಲಿ ಸೂರ್ಯಾಸ್ತ. ಫಜ್ರ್‌ಗೆ ಏಳುವ ಮನೆಗಳಿಗೆ ಅಲಾರಂನ ಸಮಸ್ಯೆಯೇ ಇಲ್ಲ.

ಸೂರ್ಯನನ್ನು ಮುಂದಿಟ್ಟುಕೊಂಡು ವಾಹನ ಓಡಿಸಿದರೆ ಚಾಲಕನಿಗೂ ಕಣ್ಣು ಕುಕ್ಕುತ್ತದೆ, ಚಿತ್ರವೂ ಮಸುಕಾಗುತ್ತದೆ. ಆದ್ದರಿಂದ ದಾರಿಯನ್ನು ಸೂರ್ಯನ ಪ್ರಕಾರ ಹೀಗೆ ಜೋಡಿಸಬಹುದು.

ಮೊದಲ ದಿನ: ಹಿಂದಿನ ಸಂಜೆಯೇ ಚಿಕ್ಕಬಳ್ಳಾಪುರ ತಲುಪಿ ತಂಗಿ. ಬೆಳಿಗ್ಗೆ ವಾಯವ್ಯಕ್ಕೆ, ಗೌರಿಬಿದನೂರಿನ ದಾರಿ ಹಿಡಿಯಿರಿ. ಸೂರ್ಯ ಬೆನ್ನ ಹಿಂದಿರುತ್ತಾನೆ, ಎಡಗಡೆ ಸ್ಕಂದಗಿರಿಯ ಬಂಡೆಗಳು ಬೆಳಕಿಗೆ ತೆರೆದುಕೊಳ್ಳುತ್ತವೆ. ಎಲ್ಲರೂ ಓಡುವುದು ನಂದಿಬೆಟ್ಟದ ಮೇಲಕ್ಕೆ. ಆದರೆ 1,478 ಮೀಟರ್ ಎತ್ತರದ ಆ ಬೆಟ್ಟದ ಮೇಲೆ ನಿಂತವರಿಗೆ ನಂದಿಬೆಟ್ಟ ಕಾಣುವುದಿಲ್ಲ! ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರು ಬಲಪಡಿಸಿದ, 1791ರ ಅಕ್ಟೋಬರ್‌ನಲ್ಲಿ ಬ್ರಿಟಿಷರ ವಶವಾದ ಆ ದುರ್ಗದ ಕಡಿದಾದ ಗೋಡೆ ನೋಡಬೇಕಾದರೆ ಕೆಳಗಿನ ಬಯಲಿನಲ್ಲಿ, ಕೆರೆ ಏರಿಯ ಮೇಲೆ ನಿಲ್ಲಬೇಕು. ಬೆಟ್ಟ ಹತ್ತಲೇಬೇಕು ಎನ್ನುವವರು ವಾರದ ನಡುವಿನ ದಿನ ಆರಿಸಿಕೊಂಡು, ಪ್ರವೇಶದ ಸಮಯವನ್ನು ಮೊದಲೇ ವಿಚಾರಿಸಿಕೊಳ್ಳಿ. 2021ರ ಆಗಸ್ಟ್‌ನಲ್ಲಿ ಮಳೆಗೆ ಗುಡ್ಡ ಕುಸಿದು ಬೆಟ್ಟದ ರಸ್ತೆ ಕೊಚ್ಚಿಹೋಗಿ ಕೆಲವು ತಿಂಗಳು ವಾಹನ ಸಂಚಾರ ನಿಂತಿತ್ತು. ಜೋರು ಮಳೆಯ ದಿನಗಳಲ್ಲಿ ಈ ಎಚ್ಚರ ಇರಲಿ.

ಬಿಸಿಲೇರುವ ಹೊತ್ತಿಗೆ ಗೌರಿಬಿದನೂರು ಸೇರಿ ವಿಶ್ರಾಂತಿ ಪಡೆಯಿರಿ. ಅಸರ್ ಬಳಿಕ ಉತ್ತರ ಪಿನಾಕಿನಿಯ ದಡದ ವಿದುರಾಶ್ವತ್ಥಕ್ಕೆ ಹೋಗಬಹುದು. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ್ದು ಇಲ್ಲೇ. ಹಲವರು ಪ್ರಾಣ ತೆತ್ತ ಆ ಜಾಗದಲ್ಲಿ ಈಗ ಹುತಾತ್ಮರ ಸ್ಮಾರಕವಿದೆ. ನಂದಿ ಬೆಟ್ಟಸಾಲಿನ ಕಡೆಯಿಂದ ಹೊರಟು ಆಂಧ್ರದ ನೆಲ್ಲೂರಿನ ಬಳಿ ಸಮುದ್ರ ಸೇರುವ ಪಿನಾಕಿನಿ ಇಲ್ಲಿ ಹೆಚ್ಚಿನ ಕಾಲ ಬರೀ ಮರಳು. ಒಣಗಿದ ಹೊಳೆಯ ಅಂಕುಡೊಂಕು ಕೂಡಾ ಒಂದು ಚಿತ್ರವೇ. ಚಿಕ್ಕಬಳ್ಳಾಪುರಕ್ಕೆ ಮರಳುವಾಗ ಇಳಿಸೂರ್ಯ ಬಲಗಡೆ ಇರುತ್ತಾನೆ.

ಎರಡನೇ ದಿನ: ಇಂದು ಪೂರ್ವಕ್ಕೆ. ಬೆಳಗಿನ ಚಿತ್ರಗಳನ್ನು ಚಿಕ್ಕಬಳ್ಳಾಪುರದ ಕೆರೆಗಳ ಬಳಿಯೇ ಮುಗಿಸಿ. ಒಂದು ಮಾತು ಗಮನದಲ್ಲಿರಲಿ. ಈ ಭಾಗದ ಹಲವು ಕೆರೆಗಳನ್ನು ಎಚ್.ಎನ್. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಸಂಸ್ಕರಿಸಿದ ತ್ಯಾಜ್ಯ ನೀರಿನಿಂದ ತುಂಬಿಸಲಾಗಿದೆ. ಒಣಗಿದ್ದ ಕೆರೆಗಳಿಗೆ ಜೀವ ಬಂದಿದೆ ನಿಜ, ಆದರೆ ನೀರನ್ನು ಇನ್ನೊಂದು ಹಂತ ಶುದ್ಧೀಕರಿಸಿ ಕೊಡಿ ಎಂದು ಜಿಲ್ಲೆಯ ಜನ ಕೇಳುತ್ತಲೇ ಬಂದಿದ್ದಾರೆ. ನೋಡಲು ಎಷ್ಟೇ ತಿಳಿಯಾಗಿದ್ದರೂ ಮಕ್ಕಳನ್ನು ಇಳಿಸಬೇಡಿ, ವುಝೂಗೆ ಬಳಸಬೇಡಿ. ಒಂದು ಕ್ಯಾನ್ ನೀರು ವಾಹನದಲ್ಲಿರಲಿ.

ಸೂರ್ಯ ಮೇಲೇರಿದ ಮೇಲೆ ಶಿಡ್ಲಘಟ್ಟಕ್ಕೆ ಹೊರಡಿ. ಇಲ್ಲಿನ ರೇಷ್ಮೆಗೂಡಿನ ಮಾರುಕಟ್ಟೆ ರಾಜ್ಯದ ದೊಡ್ಡ ಮಾರುಕಟ್ಟೆಗಳಲ್ಲೊಂದು. ಊರಿನಲ್ಲಿ ನೂಲು ಬಿಚ್ಚುವ ಕಸುಬಿನಲ್ಲಿರುವವರಲ್ಲಿ ಮುಸ್ಲಿಮ್ ಕುಟುಂಬಗಳೇ ಹೆಚ್ಚು. ಬಿಸಿನೀರಿನಲ್ಲಿ ಕೈಯಾಡಿಸುತ್ತಾ ಗೂಡಿನ ಎಳೆ ಹಿಡಿಯುವ ಕೆಲಸದಲ್ಲಿ ಎಷ್ಟೋ ಮಹಿಳೆಯರು ತೊಡಗಿದ್ದಾರೆ. ನಮ್ಮ ಮದುವೆಯ ರೇಷ್ಮೆ ಸೀರೆ ಶುರುವಾಗುವುದು ಇಂತಹ ಕೈಗಳಿಂದ. ಹೋದರೆ ಸಲಾಂ ಹೇಳಿ ಮಾತನಾಡಿ. ಅನುಮತಿ ಕೇಳದೆ ಅವರ ಮುಖಕ್ಕೆ ಫೋನು ಹಿಡಿಯಬೇಡಿ. ನಮಗೆ ಬೇಡವಾದದ್ದು ಅವರಿಗೂ ಬೇಡವಾಗಿರಬಹುದು. ಊರ ಹೊರಗೆ ಗೋಡೆಗೊರಗಿಸಿಟ್ಟ ಚಂದ್ರಿಕೆಗಳು, ಒಣನೆಲದ ನಡುವೆ ಹಿಪ್ಪುನೇರಳೆಯ ಪಟ್ಟಿಗಳು ಬೇಕಾದಷ್ಟು ಸಿಗುತ್ತವೆ. ಸಂಜೆಯೊಳಗೆ ಚಿಂತಾಮಣಿ ಸೇರಿ ಅಲ್ಲೇ ತಂಗಿ. ಅಂಬಾಜಿದುರ್ಗದ ಬಂಡೆಯ ಅಂಚು ಸೂರ್ಯಾಸ್ತದ ಆಕಾಶಕ್ಕೆ ಕಪ್ಪು ಗೆರೆ ಎಳೆದಂತೆ ಕಾಣುವ ಜಾಗವೊಂದನ್ನು ಹುಡುಕಿಕೊಳ್ಳಿ.

ಮೂರನೇ ದಿನ: ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲ ದರ್ಗಾಕ್ಕೆ ಹೋಗಿ ಬಂದವರು ನಮ್ಮ ಪೈಕಿ ಅನೇಕರಿದ್ದಾರೆ. ವ್ಯಾನಿನಲ್ಲಿ ಹೋಗಿ, ಕತ್ತಲಾಗುವ ಮುನ್ನ ಮನೆ ಸೇರುವ ಧಾವಂತದಲ್ಲಿ ದಾರಿಯ ಇಕ್ಕೆಲದ ಬೆಟ್ಟಗಳನ್ನು ನೋಡಿದವರು ಎಷ್ಟು ಮಂದಿ? ಟಿಪ್ಪುವಿನ ಕಾಲದ ಕೋಟೆಯ ಕುರುಹುಗಳಿರುವ ರೆಹಮಾನ್‌ಗಡ ಕೂಡಾ ಇದೇ ತಾಲ್ಲೂಕಿನಲ್ಲಿದೆ. ಬೆಳಿಗ್ಗೆ ಇಲ್ಲಿಂದ ಪಶ್ಚಿಮಕ್ಕೆ ಹೊರಟರೆ ಸೂರ್ಯ ಮತ್ತೆ ಬೆನ್ನ ಹಿಂದೆ. ನಿನ್ನೆ ನಡುಹಗಲಿನಲ್ಲಿ ದಾಟಿದ ರಸ್ತೆ ಇಂದು ಗುರುತೇ ಸಿಗದಷ್ಟು ಬೇರೆಯಾಗಿ ಕಾಣುತ್ತದೆ.

ಗುಡಿಬಂಡೆಯ ಕೋಟೆ, ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರ ಮನೆ, ಕೈವಾರ - ಇವೆಲ್ಲ ಉಳಿದವಲ್ಲ ಎನ್ನುವಿರಾ? ಉಳಿಯಲಿ. ಎಲ್ಲವನ್ನೂ ಒಂದೇ ಸಲ ನೋಡುವ ಆಸೆಯೇ ಪ್ರವಾಸವನ್ನು ಓಟದ ಪಂದ್ಯವನ್ನಾಗಿ ಮಾಡುತ್ತದೆ. ಬಿಟ್ಟದ್ದು ಮುಂದಿನ ಸಲಕ್ಕೆ ಕಾರಣವಾಗುತ್ತದೆ.

ಬೆಳಗಿನ ಚಹಾ ಯಾರು ಮಾಡುವುದು?

ಈಗ ನಿಜವಾದ ಸಮಸ್ಯೆಗೆ ಬರೋಣ. ಬೆಳಕು ಅತ್ಯಂತ ಸುಂದರವಾಗಿರುವ ಎರಡು ಹೊತ್ತುಗಳು ಯಾವುವು? ಬೆಳಗಿನ ತಿಂಡಿಯ ಹೊತ್ತು ಮತ್ತು ಸಂಜೆಯ ಚಹಾದ ಹೊತ್ತು. ಮಂಜು ಕರಗುವ ಆ ಇಪ್ಪತ್ತು ನಿಮಿಷ ಗೃಹಿಣಿ ರೊಟ್ಟಿ ತಟ್ಟುತ್ತಿದ್ದರೆ, ಸೂರ್ಯ ಇಳಿಯುವಾಗ ಲೋಟ ತೊಳೆಯುತ್ತಿದ್ದರೆ, ದಾರಿಯನ್ನು ಎಷ್ಟೇ ಚೆನ್ನಾಗಿ ಯೋಜಿಸಿದರೂ ಅದು ಅವಳಿಗೆ ಸೇರಿದ ಪ್ರವಾಸವಲ್ಲ. ಆದ್ದರಿಂದ ಭೂಪಟ ಬಿಡಿಸುವ ಮೊದಲು ಮನೆಮಂದಿ ಕೂತು ಈ ಮಾತನ್ನು ತೀರ್ಮಾನಿಸಿಕೊಳ್ಳಬೇಕು.

ಒಲೆಯನ್ನು ಮನೆಯಲ್ಲೇ ಬಿಡಿ. ಬೆಳಿಗ್ಗೆ ಖರ್ಜೂರ, ಬಿಸ್ಕೆಟ್, ರಾತ್ರಿಯೇ ಹೇಳಿ ಫ್ಲಾಸ್ಕಿಗೆ ತುಂಬಿಸಿಕೊಂಡ ಚಹಾ ಸಾಕು. ತಿಂಡಿ ಒಂಬತ್ತು ಗಂಟೆಗೆ ಊರಿನ ಹೋಟೆಲಿನಲ್ಲಾಗಲಿ. ಹೊಟ್ಟೆ ತುಂಬ ಊಟ, ಝುಹರ್ ನಮಾಝ್, ನಿದ್ದೆ ಎಲ್ಲವೂ ಬಿಸಿಲಿನ ಹೊತ್ತಿಗಿರಲಿ. ಹೇಗೂ ಆಗ ಚಿತ್ರಕ್ಕೆ ಬೆಳಕು ಚೆನ್ನಾಗಿರುವುದಿಲ್ಲ. ಬೆಳಗಿನ ಹೊತ್ತು ಮಕ್ಕಳನ್ನು ಎಬ್ಬಿಸಿ ಬಟ್ಟೆ ತೊಡಿಸುವ ಜವಾಬ್ದಾರಿ ತಂದೆಯದ್ದು, ನೀರು ಮತ್ತು ಜಾನಮಾಝ್ ದೊಡ್ಡ ಮಗನದ್ದು ಎಂದು ಹೆಸರು ಹಿಡಿದೇ ಹಂಚಿ. ಮನೆಗೆಲಸದಲ್ಲಿ ಪ್ರವಾದಿಯವರು(ಸ) ನೆರವಾಗುತ್ತಿದ್ದರು ಎಂಬುದನ್ನು ಗಂಡಸರಿಗೆ ನೆನಪಿಸಬೇಕೇ?

ಮಹಿಳೆಯರು ಬಾಯಿಬಿಟ್ಟು ಹೇಳದ ಇನ್ನೊಂದು ತೊಂದರೆ ಶೌಚಾಲಯದ್ದು. ಇದೇ ಭಯಕ್ಕೆ ದಿನವಿಡೀ ನೀರು ಕುಡಿಯದೆ ತಲೆನೋವು ಬರಿಸಿಕೊಳ್ಳುವವರಿದ್ದಾರೆ. ತಂಗುವ ಕೋಣೆ, ಊಟದ ಹೋಟೆಲು, ಪೆಟ್ರೋಲ್ ಬಂಕು - ಎರಡು ಗಂಟೆಗೊಮ್ಮೆ ಎಲ್ಲಿ ನಿಲ್ಲುವುದೆಂದು ಚಿತ್ರದ ಜಾಗಗಳ ಜೊತೆಗೇ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಇದರಲ್ಲಿ ನಾಚಿಕೆಯೇನೂ ಇಲ್ಲ.

ಕೈಯಲ್ಲಿರುವ ಫೋನಿನಿಂದಲೇ

ಫೋನಿನ ಮಸೂರವನ್ನು ಹತ್ತಿಬಟ್ಟೆಯಿಂದ ಒರೆಸಿಕೊಳ್ಳಿ. ಮಸುಕು ಚಿತ್ರಗಳಿಗೆ ಎಷ್ಟೋ ಸಲ ಬೆರಳಿನ ಜಿಡ್ಡೇ ಕಾರಣ. ಬೆರಳಾಡಿಸಿ ಹತ್ತಿರ ಎಳೆಯಬೇಡಿ, ನಾಲ್ಕು ಹೆಜ್ಜೆ ನೀವೇ ಮುಂದೆ ನಡೆಯಿರಿ. ಆಕಾಶ ಮತ್ತು ನೆಲ ಸೇರುವ ಗೆರೆ ನೇರವಾಗಿರಲಿ. ಬರೀ ದೂರದ ಬೆಟ್ಟ ತೆಗೆದರೆ ಅದು ಚಿಕ್ಕದಾಗಿ ಕಾಣುತ್ತದೆ. ಹತ್ತಿರದಲ್ಲಿ ಒಂದು ಹುಣಸೆ ಮರವೋ ರಾಗಿ ಮೆದೆಯೋ ಇದ್ದರೆ ಬೆಟ್ಟದ ಗಾತ್ರ ತಿಳಿಯುತ್ತದೆ. ಪರದೆಯ ಮೇಲೆ ಆಕಾಶದ ಭಾಗವನ್ನು ಮುಟ್ಟಿದರೆ ಮೋಡದ ಬಣ್ಣ ಬಿಳಿಚದೆ ಉಳಿಯುತ್ತದೆ.

ಮಂದ ಬೆಳಕಿನಲ್ಲಿ ಕೈ ನಡುಗಿದರೆ ಚಿತ್ರ ಕೆಡುತ್ತದೆ. ಅದಕ್ಕೆ ದುಬಾರಿ ಸ್ಟ್ಯಾಂಡ್ ಬೇಡ. ಗೇಣುದ್ದದ ಬಟ್ಟೆಯ ಚೀಲ ಹೊಲಿದು, ಮುಕ್ಕಾಲು ಭಾಗ ರಾಗಿ ತುಂಬಿಸಿ ಬಾಯಿ ಮುಚ್ಚಿ. ಕೆರೆ ಏರಿಯ ಕಲ್ಲಿನ ಮೇಲೋ ವಾಹನದ ಬಾನೆಟ್ ಮೇಲೋ ಅದನ್ನಿಟ್ಟು ಫೋನನ್ನು ಒತ್ತಿ ನಿಲ್ಲಿಸಿದರೆ ಅಲುಗಾಡುವುದಿಲ್ಲ. ವಾಹನ ಹೆದ್ದಾರಿಯಿಂದ ಪೂರ್ತಿ ಕೆಳಗಿಳಿದ ಮೇಲೆಯೇ ಬಾಗಿಲು ತೆರೆಯಿರಿ. ಕೋಡಿ ಬಿದ್ದ ಕೆರೆಯ ಗೋಡೆ, ಪಾಚಿ ಹಿಡಿದ ಬಂಡೆಗಳ ಮೇಲೆ ಚಿತ್ರದ ಆಸೆಗೆ ಹತ್ತಬೇಡಿ.

ಬೆಟ್ಟ ಇರುವಾಗಲೇ

ಈ ದಾರಿಯಲ್ಲಿ ಅರ್ಧ ಕತ್ತರಿಸಿದ ಬೆಟ್ಟಗಳೂ ಕಣ್ಣಿಗೆ ಬೀಳುತ್ತವೆ. ಕಲ್ಲುಗಣಿಗಾರಿಕೆ ಈ ಜಿಲ್ಲೆಗೆ ಹೊಸದಲ್ಲ. 2021ರ ಫೆಬ್ರವರಿಯಲ್ಲಿ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿ ಬಳಿ ಗಣಿಗಾರಿಕೆಗೆ ತಂದಿದ್ದ ಜಿಲೆಟಿನ್ ಕಡ್ಡಿಗಳು ಸಿಡಿದು ಆರು ಮಂದಿ ಸತ್ತರು. ನಗರದ ಮನೆಗಳ ಜಲ್ಲಿ, ನೆಲದ ಕಲ್ಲು ಬರುವುದು ಇಂತಹ ಬೆಟ್ಟಗಳಿಂದಲೇ. ಆ ಚಿತ್ರವನ್ನೂ ತೆಗೆಯಿರಿ, ಅದು ಕೂಡಾ ಈ ನೆಲದ ಮುಖವೇ. ಹತ್ತು ವರ್ಷ ಬಿಟ್ಟು ಮಕ್ಕಳು ನೋಡುವಾಗ ಕೆಲವು ಬೆಟ್ಟಗಳು ನಿಮ್ಮ ಚಿತ್ರದಲ್ಲಿ ಮಾತ್ರ ಉಳಿದಿರಬಹುದು.

ಮರಳಿದ ಮೇಲೆ ನೂರಾರು ಚಿತ್ರಗಳಲ್ಲಿ ಹನ್ನೆರಡನ್ನು ಮಾತ್ರ ಆರಿಸಿ, ಅಚ್ಚು ಹಾಕಿಸಿ. ಪ್ರತಿಯೊಂದರ ಹಿಂದೆ ಊರು, ತಾರೀಕು, ತೆಗೆದವರ ಹೆಸರು ಬರೆಯಿರಿ. ಫೋನು ಕೆಟ್ಟರೂ ಅವು ಉಳಿಯುತ್ತವೆ. ಆ ಹನ್ನೆರಡರ ಹಿಂದೆ ಅಮ್ಮನ ಹೆಸರು, ಅಜ್ಜಿಯ ಹೆಸರು ಎಷ್ಟು ಸಲ ಬಂದಿದೆ ಎಂದು ಎಣಿಸಿ ನೋಡಿ. ಒಂದೂ ಇಲ್ಲವೆಂದಾದರೆ ಮುಂದಿನ ಸಲ ಹೊರಡುವ ಮೊದಲು ಬೆಳಗಿನ ಚಹಾದ ಪ್ರಶ್ನೆಯನ್ನು ಮತ್ತೊಮ್ಮೆ ಚರ್ಚೆಗೆ ತನ್ನಿ.