ಹುಡುಕಿದರೆ ಸಿಗದಿದ್ದ ಪುಟಗಳು

2006ರ ಮೇ ತಿಂಗಳಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ ಹದಿನೈದನೆಯ ವರ್ಲ್ಡ್ ವೈಡ್ ವೆಬ್ ಸಮ್ಮೇಳನ ನಡೆಯಿತು. ಹೈದರಾಬಾದಿನ ಗಚ್ಚಿಬೌಲಿಯಲ್ಲಿರುವ ಐಐಐಟಿಯಿಂದ ಅಲ್ಲಿಗೆ ಒಂದು ಪ್ರಬಂಧ ಹೋಗಿತ್ತು. ಬರೆದವರು ಪ್ರಸಾದ್ ಪಿಂಗಳಿ, ಜಗದೀಶ್ ಜಾಗರ್ಲಮೂಡಿ ಮತ್ತು ವಾಸುದೇವ ವರ್ಮ. ಅದರ ಆರಂಭದಲ್ಲೇ ಒಂದು ಅಂಕಿ ಇತ್ತು: ಭಾರತೀಯ ಭಾಷೆಗಳಲ್ಲಿ ಜಾಲದ ಮೇಲಿರುವ ಬರಹದಲ್ಲಿ ಶೇಕಡಾ 95ಕ್ಕೂ ಹೆಚ್ಚು ಪಾಲು ಹುಡುಕಿದರೆ ಸಿಗುವುದಿಲ್ಲ.

ಪುಟಗಳು ಇರಲಿಲ್ಲ ಅಂತಲ್ಲ. ದಿನಪತ್ರಿಕೆಗಳು, ವಾರಪತ್ರಿಕೆಗಳು, ಸಾಹಿತ್ಯದ ತಾಣಗಳು ಎಲ್ಲವೂ ಇದ್ದವು. ವಿಳಾಸ ಗೊತ್ತಿದ್ದವರು ನೇರವಾಗಿ ಹೋಗಿ ಓದುತ್ತಿದ್ದರು. ಆದರೆ ಹುಡುಕುಪೆಟ್ಟಿಗೆಯಲ್ಲಿ ಕನ್ನಡದ್ದೋ ತೆಲುಗಿನದ್ದೋ ಒಂದು ಪದ ಹಾಕಿದರೆ ಆ ಪುಟಗಳಲ್ಲಿ ಹೆಚ್ಚಿನವು ಎದುರಿಗೆ ಬರುತ್ತಿರಲಿಲ್ಲ. ಹೊಸ ಓದುಗನಿಗೆ ಅವು ಇದ್ದೂ ಇಲ್ಲದ ಪುಟಗಳು.

ಇಂದು ಹೈದರಾಬಾದಿನ ಅಮೀರ್‌ಪೇಟೆಗೆ ಹೋದರೆ ಡಿಜಿಟಲ್ ಮಾರ್ಕೆಟಿಂಗ್ ಕಲಿಸುವ ಕೋಚಿಂಗ್ ಸೆಂಟರುಗಳ ಬೋರ್ಡು ಕಟ್ಟಡಕ್ಕೊಂದು ಕಾಣುತ್ತದೆ. ತಾಣಕ್ಕೆ ಜನರನ್ನು ಕರೆತರುವ ಎಸ್‌ಇಒ ವಿದ್ಯೆ ಅಲ್ಲಿನ ಪಾಠಗಳಲ್ಲಿ ಮುಖ್ಯವಾದದ್ದು. ಆ ವಿದ್ಯೆಯ ಪ್ರಾಮಾಣಿಕ ಅರ್ಧವನ್ನು ನಮ್ಮ ಭಾಷೆಗಳ ಮಟ್ಟಿಗೆ ಮೊದಲು ಆಳಕ್ಕಿಳಿದು ನೋಡಿದವರಲ್ಲಿ ಇದೇ ಊರಿನ ಇನ್ನೊಂದು ಮೂಲೆಯ ಈ ಸಂಶೋಧಕರಿದ್ದರು ಎಂಬುದನ್ನು ನಾವು ನೆನಪಿಡಬೇಕು. ಅವರು ಯಾವ ತಾಣಕ್ಕೂ ಗಿರಾಕಿ ಹಿಡಿಯಲು ಹೊರಟವರಲ್ಲ. ಹುಡುಕುಯಂತ್ರ ಕಟ್ಟಲು ಹೊರಟು, ಪುಟವೊಂದು ಕಾಣದೆ ಹೋಗುವುದು ಹೇಗೆ ಎಂಬುದನ್ನು ಬಿಡಿಸಿದವರು.

ಸಮಸ್ಯೆ ಏನೆಂದು ಒಂದು ಪದ ಹಿಡಿದು ನೋಡೋಣ. ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಫಾಂಟಿನಲ್ಲಿ 'ಕನ್ನಡ' ಎಂದು ಟೈಪಿಸಿದರೆ ಪರದೆಯ ಮೇಲೆ ಕನ್ನಡವೇ ಕಾಣುತ್ತದೆ. ಕಡತದ ಒಳಗೆ ಇರುವುದು ಬೇರೆ: ಇಂಗ್ಲಿಷಿನ ದೊಡ್ಡ 'ಪಿ', ತಲೆಯ ಮೇಲೆ ಓರೆಗೆರೆ ಹೊತ್ತ 'ಎ', ಬ್ರಿಟಿಷರ ಪೌಂಡ್ ಚಿಹ್ನೆ, ಮತ್ತೆ ಅದೇ 'ಎ', ಜರ್ಮನ್ನರು ಜೋಡಿ ಸಕಾರಕ್ಕೆ ಬಳಸುವ ಒಂದು ಅಕ್ಷರ, ಚಿಕ್ಕ 'ಕ್ಯೂ', ಕೊನೆಗೆ ಮತ್ತೊಮ್ಮೆ 'ಎ'. 'ಪಿ' ಇರಬೇಕಾದ ಮನೆಯಲ್ಲಿ ಫಾಂಟು ಕಕಾರದ ಒಡಲನ್ನು ಬಿಡಿಸಿಟ್ಟಿರುತ್ತದೆ, 'ಎ' ಮನೆಯಲ್ಲಿ ತಲೆಕಟ್ಟನ್ನು, ಜರ್ಮನ್ ಅಕ್ಷರದ ಮನೆಯಲ್ಲಿ ನಕಾರದ ಒತ್ತನ್ನು. ಕಣ್ಣಿಗೆ ಕನ್ನಡ, ಯಂತ್ರಕ್ಕೆ ಯಾವ ಭಾಷೆಯೂ ಅಲ್ಲದ ಚಿಹ್ನೆಗಳ ಸಾಲು. ಹುಡುಕುಯಂತ್ರಕ್ಕೆ ಕಣ್ಣಿಲ್ಲ, ಅದು ಫಾಂಟನ್ನು ನೋಡುವುದಿಲ್ಲ, ಕಡತದಲ್ಲಿರುವ ಸಂಕೇತಗಳನ್ನಷ್ಟೇ ಓದುತ್ತದೆ.

'ಕರ್ನಾಟಕ' ಇನ್ನೂ ತೊಡಕಿನದು. ನಾವು ಉಚ್ಚರಿಸುವಾಗ ರಕಾರ ಮೊದಲು, ನಾಕಾರ ಆಮೇಲೆ. ಹಳೆಯ ಫಾಂಟಿನಲ್ಲಿ ನಾಕಾರ ಮೊದಲು ಕೂತು, ಅದರ ಬೆನ್ನಿಗೆ ಅರ್ಕಾವೊತ್ತು ಬರುತ್ತದೆ, ಏಕೆಂದರೆ ಕಾಗದದ ಮೇಲೆ ಅದು ಬಲಗಡೆ ಕಾಣುತ್ತದೆ. ಆ ಕಡತದಲ್ಲಿ ಇರುವುದು ಪದದ ಚಿತ್ರದ ಕ್ರಮ, ಉಚ್ಚಾರದ ಕ್ರಮವಲ್ಲ.

ಸರಿಯಾದ ದಾರಿ ಆಗಲೇ ಇತ್ತು. ಪ್ರತಿ ಅಕ್ಷರಕ್ಕೂ ಅದರದ್ದೇ ಸಂಖ್ಯೆ ಕೊಡುವ ಯೂನಿಕೋಡಿನ ಮೊದಲ ಆವೃತ್ತಿ ಬಂದದ್ದು 1991ರಲ್ಲಿ. ಕನ್ನಡಕ್ಕೆ 3200ರಿಂದ 3327ರವರೆಗಿನ ಸಂಖ್ಯೆಗಳು, ಅದಕ್ಕೆ ತಾಗಿಕೊಂಡೇ ಮುಂಚಿನ 128 ಮನೆಗಳು ತೆಲುಗಿಗೆ. ಎರಡೂ ಲಿಪಿಗಳನ್ನು ಒಂದೇ ವರಸೆಯಲ್ಲಿ ಜೋಡಿಸಿರುವುದರಿಂದ ತೆಲುಗಿನ ಕಕಾರದ ಸಂಖ್ಯೆಗೆ 128 ಕೂಡಿಸಿದರೆ ಕನ್ನಡದ ಕಕಾರ ಸಿಗುತ್ತದೆ. ಯೂನಿಕೋಡಿನಲ್ಲಿ 'ಕನ್ನಡ' ಎಂದರೆ ಐದೇ ಸಂಖ್ಯೆ: 3221, 3240, 3277, 3240, 3233. ಮಧ್ಯದ 3277 ಒತ್ತು ಮೂಡಿಸುವ ಹಲಂತ ಚಿಹ್ನೆ. ಬೆಂಗಳೂರಿನಲ್ಲಿ ಟೈಪಿಸಿದರೂ ಅದೇ, ಹೈದರಾಬಾದಿನಲ್ಲಿ ಟೈಪಿಸಿದರೂ ಅದೇ.

ಹಾಗಾದರೆ ಪತ್ರಿಕೆಗಳು ಅದನ್ನೇಕೆ ಬಳಸಲಿಲ್ಲ? ಅವರನ್ನು ದೂರುವುದು ಸುಲಭ, ನ್ಯಾಯವಲ್ಲ. ಸಾಮಾನ್ಯರ ಕಂಪ್ಯೂಟರಿನಲ್ಲಿ ವಿಂಡೋಸ್ ಕನ್ನಡದ ಒತ್ತಕ್ಷರಗಳನ್ನು ಯೂನಿಕೋಡಿನಿಂದ ಸರಿಯಾಗಿ ಮೂಡಿಸತೊಡಗಿದ್ದು 2001ರ ಎಕ್ಸ್‌ಪಿಯಿಂದ, ತುಂಗಾ ಫಾಂಟಿನ ಜೊತೆ. ಅದಕ್ಕೂ ಐದು ವರ್ಷ ಮೊದಲೇ, 1996ರಲ್ಲಿ, ಯು. ಬಿ. ಪವನಜ ಅವರು ವಿಶ್ವಕನ್ನಡ ಜಾಲಪತ್ರಿಕೆಯನ್ನು ಶುರುಮಾಡಿದ್ದರು. 1998ರಲ್ಲಿ ಶೇಷಾದ್ರಿವಾಸು ಅವರ ಬರಹ ತಂತ್ರಾಂಶ ಬಂತು. ಡಿಟಿಪಿ ಮಾಡುವವರ ಬಳಿ ಶ್ರೀಲಿಪಿ, ಆಕೃತಿ ತಂತ್ರಾಂಶಗಳಿದ್ದವು. ಯಂತ್ರ ಕನ್ನಡವನ್ನು ಒಪ್ಪಿಕೊಳ್ಳುವವರೆಗೆ ಕಾಯುತ್ತ ಕೂರದೆ, ಇಂಗ್ಲಿಷಿನ ಮನೆಗಳಲ್ಲೇ ಕನ್ನಡವನ್ನು ಕೂರಿಸಿ ಕೆಲಸ ನಡೆಸಿದವರು ಇವರೆಲ್ಲ. ಅವರ ಆ ದುಡಿಮೆ ಇಲ್ಲದಿದ್ದರೆ ಆ ವರ್ಷಗಳಲ್ಲಿ ಜಾಲದ ಮೇಲೆ ಕನ್ನಡವೇ ಇರುತ್ತಿರಲಿಲ್ಲ. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದ ಸುತ್ತ ದಶಕಗಳಿಂದ ಸೇರುತ್ತ ಬಂದ ಹೈದರಾಬಾದಿನ ಕನ್ನಡಿಗರಂಥವರಿಗೆ ಬೀದರ, ರಾಯಚೂರಿನ ಸುದ್ದಿ ಅಂದಂದೇ ಓದಲು ಈ ತಾಣಗಳೇ ಒದಗಿದವು.

ತೊಂದರೆಯಾದದ್ದು ಒಬ್ಬೊಬ್ಬರ ಮನೆ ಹಂಚಿಕೆ ಒಂದೊಂದು ರೀತಿ ಇದ್ದದ್ದರಿಂದ. ಒಂದು ಫಾಂಟಿನ ಕಕಾರ ಇನ್ನೊಂದರಲ್ಲಿ ಗಕಾರವಾಗಬಹುದು, ಅರ್ಧ ಅಕ್ಷರವಾಗಬಹುದು. ತೆಲುಗಿನಲ್ಲೂ ಇದೇ ಪಾಡು. ಹೈದರಾಬಾದಿನ ಈನಾಡು ಪತ್ರಿಕೆಯ ತಾಣಕ್ಕೆ ಅದರದ್ದೇ ಫಾಂಟು ಇತ್ತು, ಬೇರೆ ಪತ್ರಿಕೆಗಳಿಗೆ ಬೇರೆ. ನಾಗಾರ್ಜುನ ವೆನ್ನ ಅವರು ಫೈರ್‌ಫಾಕ್ಸ್ ಬ್ರೌಸರಿಗೆ 'ಪದ್ಮ' ಎಂಬ ಆಡ್-ಆನ್ ಮಾಡಿಕೊಟ್ಟರು. ಇಂಥ ಪುಟ ತೆರೆದಾಗ ಅದು ಅಲ್ಲೇ ಯೂನಿಕೋಡಿಗೆ ತಿರುಗಿಸುತ್ತಿತ್ತು. ಓದುಗನ ಕಷ್ಟ ಅಷ್ಟರ ಮಟ್ಟಿಗೆ ಕಳೆಯಿತು. ಆದರೆ ಪುಟ ಎಲ್ಲಿದೆ ಎಂದೇ ಗೊತ್ತಿಲ್ಲದವನಿಗೆ ಅದರಿಂದ ಏನೂ ಆಗಲಿಲ್ಲ.

ಐಐಐಟಿಯವರು ಕಟ್ಟಿ, ಆ ಎಡಿನ್‌ಬರೋ ಪ್ರಬಂಧದಲ್ಲಿ ವಿವರಿಸಿದ ಹುಡುಕುಯಂತ್ರದ ಹೆಸರು ವೆಬ್‌ಖೋಜ್. ಹಿಂದಿ, ತೆಲುಗು, ತಮಿಳು, ಮಲಯಾಳಂ, ಮರಾಠಿ, ಬಂಗಾಳಿ, ಗುಜರಾತಿ, ಪಂಜಾಬಿ, ಒಡಿಯಾಗಳ ಜೊತೆ ಕನ್ನಡವೂ ಅದರ ಹತ್ತು ಭಾಷೆಗಳಲ್ಲಿ ಒಂದು. ಮೊದಲ ಕೆಲಸ ಪುಟಗಳನ್ನು ಹುಡುಕಿ ತರುವುದು. ಇಡೀ ಜಾಲವನ್ನು ಜಾಲಾಡುವ ಬದಲು, ಭಾರತೀಯ ಭಾಷೆಯ ಪುಟಗಳ ಕೊಂಡಿಗಳನ್ನೇ ಬೆನ್ನಟ್ಟುವ ಕ್ರಾಲರ್ ಬರೆದರು. ಇಲ್ಲೇ ಮೊದಲ ತೊಡಕು. ಪೌಂಡ್ ಚಿಹ್ನೆ, ಓರೆಗೆರೆಯ 'ಎ'ಗಳು ತುಂಬಿದ ಪುಟ ಕನ್ನಡದ್ದೋ ಮರಾಠಿಯದ್ದೋ ಎಂದು ಯಂತ್ರಕ್ಕೆ ತಿಳಿಯುವುದು ಹೇಗೆ? ಭಾಷೆ ತಿಳಿಯಬೇಕಾದರೆ ಫಾಂಟು ಯಾವುದೆಂದು ತಿಳಿಯಬೇಕು. ಫಾಂಟು ತಿಳಿದ ಮೇಲೆ ಅದರ ಪ್ರತಿ ಮನೆಯಲ್ಲೂ ಯಾವ ಚೂರು ಕೂತಿದೆ ಎಂಬ ಪಟ್ಟಿ ಬೇಕು. ಆ ಪಟ್ಟಿಯನ್ನು ಮನುಷ್ಯನೇ ಕೂತು, ಫಾಂಟು ತೆರೆದು, ಒಂದೊಂದೇ ಚೂರು ನೋಡಿ ಬರೆಯಬೇಕು. ಆಮೇಲೆ ಚಿತ್ರದ ಕ್ರಮವನ್ನು ಉಚ್ಚಾರದ ಕ್ರಮಕ್ಕೆ ತಿರುಗಿಸುವ ನಿಯಮಗಳು: ಅರ್ಕಾವೊತ್ತನ್ನು ಹಿಂದಕ್ಕೆ ತಂದು ರಕಾರವಾಗಿಸಬೇಕು, ಒತ್ತನ್ನು ಸ್ವರಚಿಹ್ನೆಯ ಮುಂದಿನಿಂದ ಎತ್ತಿ ಹಿಂದಿಡಬೇಕು. ಹೀಗೆ ಎಲ್ಲ ಪುಟಗಳೂ ಒಂದೇ ಯೂನಿಕೋಡಿಗೆ ಬಂದ ಮೇಲಷ್ಟೇ ಹುಡುಕಾಟ.

ಈ ಶ್ರಮದ ಬಗ್ಗೆ ನನಗೆ ಅಪಾರ ಗೌರವವಿದೆ. ಇದರಲ್ಲಿ ಮಿಂಚಿನ ಹಾಗೆ ಹೊಳೆದ ಒಂದು ಸೂತ್ರವಿಲ್ಲ. ಬೇಕಾದದ್ದು ತಾಳ್ಮೆ ಮತ್ತು ಲಿಪಿಯ ಒಳಹೊರಗಿನ ಅರಿವು.

ಅದೇ ಸಂಸ್ಥೆಯಲ್ಲಿ ಅದೇ ಗಂಟನ್ನು ಇನ್ನೊಂದು ತುದಿಯಿಂದ ಬಿಡಿಸುತ್ತಿದ್ದವರೂ ಇದ್ದರು. ಆನಂದ್ ಆರೋಕ್ಯ ರಾಜ್ ಮತ್ತು ಕಿಶೋರ್ ಪ್ರಹಲ್ಲಾದ್ ಅವರದು ಮಾತಿನ ತಂತ್ರಜ್ಞಾನ. ಬರಹವನ್ನು ದನಿಯಾಗಿಸಲು ಅವರಿಗೆ ಶುದ್ಧ ಪಠ್ಯ ಬೇಕಿತ್ತು, ಜಾಲದ ಮೇಲೆ ಸಿಗುತ್ತಿದ್ದದ್ದು ಫಾಂಟಿನ ಸಂಕೇತಗಳ ರಾಶಿ. 2007ರಲ್ಲಿ ಅವರು, ಯಾವ ಚಿಹ್ನೆಯ ಪಕ್ಕ ಯಾವ ಚಿಹ್ನೆ ಎಷ್ಟು ಸಲ ಬರುತ್ತದೆ, ಆ ಜೋಡಿ ಬೇರೆ ಫಾಂಟುಗಳಲ್ಲಿ ಎಷ್ಟು ಅಪರೂಪ ಎಂದು ಲೆಕ್ಕ ಹಾಕಿ ಫಾಂಟನ್ನು ಗುರುತಿಸುವ ವಿಧಾನವನ್ನು ಪ್ರಕಟಿಸಿದರು. ದಾಖಲೆಗಳಲ್ಲಿ ಮುಖ್ಯ ಪದಗಳನ್ನು ಆಯಲು ಹುಡುಕುಯಂತ್ರಗಳು ಬಳಸುವ ಲೆಕ್ಕವೇ ಅದು. ಅವರು ಅದನ್ನು ಪದಗಳ ಬದಲು ಅಕ್ಷರದ ಚೂರುಗಳಿಗೆ ಹಚ್ಚಿದರು.

ಇನ್ನು ವೆಬ್‌ಖೋಜ್ ಪ್ರಬಂಧ ಬಂದ 2006ನೇ ಇಸವಿಯ ಫೆಬ್ರವರಿಗೆ ಬರೋಣ. ಆ ತಿಂಗಳು ಗೂಗಲ್ ಬಿಎಂಡಬ್ಲ್ಯೂ ಕಂಪನಿಯ ಜರ್ಮನ್ ತಾಣವನ್ನು ತನ್ನ ಪಟ್ಟಿಯಿಂದಲೇ ತೆಗೆದುಹಾಕಿತು. ಕ್ರಾಲರ್ ಬಂದಾಗ ಆ ತಾಣದಲ್ಲಿ 'ಬಳಸಿದ ಕಾರು' ಎಂಬರ್ಥದ ಜರ್ಮನ್ ಪದವನ್ನು ಮತ್ತೆ ಮತ್ತೆ ತುರುಕಿದ ಪುಟಗಳು ಸಿಗುತ್ತಿದ್ದವು, ಮನುಷ್ಯ ಬಂದರೆ ಅವನನ್ನು ಥಟ್ಟನೆ ಬೇರೆ ಪುಟಕ್ಕೆ ದಾಟಿಸುತ್ತಿತ್ತು. ಕಂಪನಿ ಆ ಪುಟಗಳನ್ನು ತೆಗೆದ ಮೇಲೆ ಕೆಲವೇ ದಿನಗಳಲ್ಲಿ ತಾಣ ಮತ್ತೆ ಪಟ್ಟಿಗೆ ಬಂತು.

ಈ ಘಟನೆಯನ್ನೂ ನಮ್ಮ ಪತ್ರಿಕೆಗಳ ಕಾಣದ ಪುಟಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಈ ವಿಷಯದ ತಿರುಳು ಕಾಣುತ್ತದೆ. ಹುಡುಕುಯಂತ್ರಗಳ ಕಾನೂನಿನಲ್ಲಿ ದೊಡ್ಡ ಅಪರಾಧವೆಂದರೆ ಮನುಷ್ಯನಿಗೊಂದು, ಯಂತ್ರಕ್ಕೊಂದು ತೋರಿಸುವುದು. ಹಿನ್ನೆಲೆಯ ಬಣ್ಣದಲ್ಲೇ ಅಕ್ಷರ ಬರೆದು ಬಚ್ಚಿಡುವುದೂ ಆ ಜಾತಿಯದೇ. ನಮ್ಮ ಪತ್ರಿಕೆಗಳ ಪುಟಗಳೂ ಮನುಷ್ಯನಿಗೊಂದು, ಯಂತ್ರಕ್ಕೊಂದು ತೋರಿಸುತ್ತಿದ್ದವು. ಆದರೆ ಮೋಸದ ಉದ್ದೇಶ ಎಳ್ಳಷ್ಟೂ ಇರಲಿಲ್ಲ, ಲಾಭದ ಬದಲು ನಷ್ಟವೇ ಆಗುತ್ತಿತ್ತು. ಮೋಸಗಾರನಿಗೂ ಅಮಾಯಕನಿಗೂ ಮದ್ದು ಒಂದೇ: ಓದುಗನ ಕಣ್ಣಿಗೆ ಬೀಳುವುದೇ ಯಂತ್ರಕ್ಕೂ ಸಿಗಬೇಕು. ಪ್ರಾಮಾಣಿಕ ಎಸ್‌ಇಒ ಇಲ್ಲಿಂದ ಶುರುವಾಗುತ್ತದೆ. ಉಳಿದದ್ದೆಲ್ಲ ಇದರ ಮೇಲೆ ಕಟ್ಟುವ ಗೋಡೆ.

ಮೋಸದ ದಾರಿಗಳು ಬೇರೆಯೂ ಇದ್ದವು. 1998ರಲ್ಲಿ ಇದೇ ವರ್ಲ್ಡ್ ವೈಡ್ ವೆಬ್ ಸರಣಿಯ ಬ್ರಿಸ್ಬೇನ್ ಸಮ್ಮೇಳನದಲ್ಲಿ ಸರ್ಗೆ ಬ್ರಿನ್ ಮತ್ತು ಲ್ಯಾರಿ ಪೇಜ್ ತಮ್ಮ ಗೂಗಲ್ ಪ್ರಬಂಧ ಮಂಡಿಸಿದಾಗ, ಒಂದು ಪುಟಕ್ಕೆ ಬೇರೆ ಪುಟಗಳು ಕೊಡುವ ಕೊಂಡಿಯೇ ಅದರ ಬೆಲೆಯ ಗುರುತು ಎಂಬುದು ಅವರ ಎಣಿಕೆಯಾಗಿತ್ತು. ಅದು ತಿಳಿದ ಮೇಲೆ ಕೊಂಡಿಗಳನ್ನು ಮಾರುವ ಪೇಟೆ ಹುಟ್ಟಿತು. ಆ ಸರಣಿಯ ಇಪ್ಪತ್ತನೆಯ ಸಮ್ಮೇಳನ ಹೈದರಾಬಾದಿಗೇ ಬಂತು, 2011ರ ಮಾರ್ಚ್ 28ರಿಂದ ಏಪ್ರಿಲ್ 1ರವರೆಗೆ. ಅದಕ್ಕೂ ಒಂದು ತಿಂಗಳ ಹಿಂದಷ್ಟೇ, ಫೆಬ್ರವರಿಯಲ್ಲಿ, ಗೂಗಲ್ ಅಮೆರಿಕದಲ್ಲಿ 'ಪಾಂಡಾ' ಎಂಬ ಬದಲಾವಣೆ ತಂದು ಹುರುಳಿಲ್ಲದ ಬರಹ ರಾಶಿ ಹಾಕಿದ್ದ ತಾಣಗಳನ್ನು ಕೆಳಕ್ಕೆ ತಳ್ಳಿತ್ತು. ಹೈದರಾಬಾದ್ ಸಮ್ಮೇಳನದ ಜೊತೆಗೇ ಜಾಲದ ಗುಣಮಟ್ಟದ ಬಗ್ಗೆ ಒಂದು ಕಾರ್ಯಾಗಾರ ನಡೆಯಿತು. ಮಾಹಿತಿಯ ವಿಶ್ವಾಸಾರ್ಹತೆಯನ್ನು ಅಳೆಯುವವರು, ಹುಡುಕಾಟದ ಮೋಸಗಳನ್ನು ಹಿಡಿಯುವವರು, ಅಲ್ಲಿಯವರೆಗೆ ಬೇರೆ ಬೇರೆ ಸೇರುತ್ತಿದ್ದ ಎರಡು ಗುಂಪುಗಳು, ಅಲ್ಲಿ ಒಂದಾಗಿ ಕೂತವು.

ಈ ನಡುವೆ ಕನ್ನಡ, ತೆಲುಗು ಪತ್ರಿಕೆಗಳು ಒಂದೊಂದಾಗಿ ಯೂನಿಕೋಡಿಗೆ ಬಂದವು. ವೆಬ್‌ಖೋಜ್‌ನಂಥ ಯಂತ್ರ ಮಾಡಬೇಕಿದ್ದ ಕೆಲಸವನ್ನು ತಾಣಗಳೇ ಮಾಡಿಕೊಂಡವು. ಆದರೂ ವೆಬ್‌ಖೋಜ್ ಪ್ರಬಂಧ ಎತ್ತಿದ್ದ ಇನ್ನೊಂದು ಪ್ರಶ್ನೆ ಇಂದಿಗೂ ಮುಗಿದಿಲ್ಲ: ನಮ್ಮಲ್ಲಿ ಒಂದೇ ಪದಕ್ಕೆ ಹಲವು ಕಾಗುಣಿತ. ಹೈದರಾಬಾದ್, ಹೈದರಾಬಾದು, ಹೈದ್ರಾಬಾದ್. ಮೇಲಿಂದ ವಿಭಕ್ತಿಗಳು: ಹೈದರಾಬಾದಿಗೆ, ಹೈದರಾಬಾದಿನಲ್ಲಿ. 'ಸಾಫ್ಟ್‌ವೇರ್' ಎಂದು ಬರೆಯುವಾಗ ವಕಾರ ಒತ್ತಾಗದಂತೆ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಹಾಕುತ್ತೇವೆ. ಅದನ್ನು ಹಾಕಿದ ಪದ, ಹಾಕದ ಪದ ಯಂತ್ರಕ್ಕೆ ಎರಡು ಬೇರೆ ಪದಗಳು. ಇಂಥದ್ದನ್ನು ಅರಿತ ತಾಣದವರು ಊರಿನ ಹೆಸರನ್ನು ಶೀರ್ಷಿಕೆಯಲ್ಲಿ ವಿಭಕ್ತಿಯಿಲ್ಲದೆ ಒಮ್ಮೆ ಬರೆಯುತ್ತಾರೆ, ಒಳಗಿನ ಬರಹದಲ್ಲಿ ಭಾಷೆ ಸಹಜವಾಗಿ ಹರಿಯಲು ಬಿಡುತ್ತಾರೆ. ಎಲ್ಲ ರೂಪಗಳನ್ನೂ ಪುಟದ ಅಡಿಯಲ್ಲಿ ಗುಡ್ಡೆ ಹಾಕುವುದು ಮಾತ್ರ ಬೇಡ, ಅದು ಹಳೆಯ ಕಳ್ಳದಾರಿಯೇ. ಪುಟದ ಒಳಗೆ ಅಡಗಿಸಿಡುವ ಕೀವರ್ಡ್ ಪಟ್ಟಿಯನ್ನು ತಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ ಎಂದು ಗೂಗಲ್ 2009ರಲ್ಲೇ ಹೇಳಿಯಾಗಿದೆ. ಅದಕ್ಕೆ ಇಂದೂ ಹಣ ಕೇಳುವವರಿದ್ದರೆ ಕೊಡಬೇಡಿ.

ನನಗೆ ಹೆಚ್ಚು ನೋವಾಗುವುದು ಬೇರೆ ಕಡೆ. ಆಮಂತ್ರಣ, ಪ್ರಕಟಣೆ, ಅರ್ಜಿ ಕರೆದ ಸುದ್ದಿ ಎಲ್ಲವನ್ನೂ ಚಿತ್ರ ಮಾಡಿ ತಾಣಕ್ಕೆ ಏರಿಸುವ ರೂಢಿ ಬೆಳೆದಿದೆ. ಚಿತ್ರದೊಳಗಿನ ಅಕ್ಷರ ಯಂತ್ರದ ಕೈಗೆ ಸಿಗುವ ಭರವಸೆಯಿಲ್ಲ, ಅಂಧ ಓದುಗರ ಸ್ಕ್ರೀನ್ ರೀಡರಿಗೂ ಸುಲಭವಾಗಿ ಸಿಗುವುದಿಲ್ಲ. ಹಳೆಯ ಫಾಂಟಿನಲ್ಲಿ ಸಿದ್ಧವಾದ ಪಿಡಿಎಫ್‌ಗಳದ್ದೂ ಅದೇ ಕತೆ: ಪುಸ್ತಕಗಳು, ವರದಿಗಳು, ಆದೇಶಗಳು ತೆರೆದರೆ ಅಚ್ಚುಕಟ್ಟಾದ ಕನ್ನಡ, ಒಂದು ಸಾಲು ಕಾಪಿ ಮಾಡಿ ಬೇರೆಡೆ ಹಾಕಿದರೆ ಚಿಹ್ನೆಗಳ ಗೊಂದಲ. ನಿಮ್ಮ ಸಂಸ್ಥೆಯ ತಾಣದ ಒಂದು ಪಿಡಿಎಫ್ ತೆಗೆದು ಈ ಪರೀಕ್ಷೆ ಮಾಡಿ ನೋಡಿ, ಅರ್ಧ ನಿಮಿಷದ ಕೆಲಸ.

ಬೇಕೆಂದರೆ ಏನು ಸಾಧ್ಯ ಎಂಬುದಕ್ಕೆ ವಚನ ಸಂಚಯ ಎಂಬ ತಾಣವಿದೆ. ಸಾವಿರಾರು ವಚನಗಳನ್ನು ಅಲ್ಲಿ ಯೂನಿಕೋಡಿನಲ್ಲಿ ಇಟ್ಟಿದ್ದಾರೆ, ಒಂದು ಪದ ಹಾಕಿದರೆ ಅದು ಯಾವ ಯಾವ ವಚನಕಾರರಲ್ಲಿ ಬಂದಿದೆ ಎಂದು ತೋರಿಸುತ್ತದೆ. ಹಳೆಯ ನುಡಿ ಕಡತಗಳನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳು ಪುಕ್ಕಟೆಯಾಗಿ ಸಿಗುತ್ತವೆ. ತಿರುಗಿಸಿದ ಮೇಲೆ ಒಬ್ಬರು ಕೂತು ಅರ್ಕಾವೊತ್ತು, ಒತ್ತಕ್ಷರ, ಅಂಕಿಗಳನ್ನು ಒಮ್ಮೆ ತಿದ್ದಬೇಕು. ಸಂಘ ಸಂಸ್ಥೆಗಳು, ಕಾಲೇಜುಗಳು, ಸರ್ಕಾರಿ ಇಲಾಖೆಗಳು ಎಸ್‌ಇಒ ಏಜೆನ್ಸಿಯ ಬಾಗಿಲು ತಟ್ಟುವ ಮೊದಲು ಈ ಒಬ್ಬರಿಗೆ ಸಂಬಳ ಕೊಡಲಿ.