ಚೀನಾ–ವಿಯೆಟ್ನಾಂ ಗಡಿ ಮತ್ತು 1979ರ ಯುದ್ಧ

ಚೀನಾ ಮತ್ತು ವಿಯೆಟ್ನಾಂಗಳ ನಡುವಿನ ಸುಮಾರು 1,280 ಕಿಲೋಮೀಟರ್ ಉದ್ದದ ಭೂಗಡಿಯನ್ನು ಗೊತ್ತುಪಡಿಸಿದವರು ಕಮ್ಯುನಿಸ್ಟರಲ್ಲ. ವಿಯೆಟ್ನಾಂ ವಸಾಹತಾಗಿದ್ದ ಕಾಲದಲ್ಲಿ ಫ್ರಾನ್ಸ್ ಮತ್ತು ಚೀನಾದ ಚಿಂಗ್ ಅರಸೊತ್ತಿಗೆ 1887 ಹಾಗೂ 1895ರಲ್ಲಿ ಮಾಡಿಕೊಂಡ ಒಪ್ಪಂದಗಳೇ ಅದಕ್ಕೆ ಆಧಾರ. ಆ ಕಾಲದ 108ನೆಯ ಗಡಿಕಲ್ಲು ಕಾವ್ ಬಾಂಗ್ ಪ್ರಾಂತದಲ್ಲಿದೆ. ಮೂವತ್ತು ವರ್ಷ ಹೊರನಾಡುಗಳಲ್ಲಿದ್ದ ವಿಯೆಟ್ನಾಂನ ಕಮ್ಯುನಿಸ್ಟ್ ನಾಯಕ ಹೊ ಚಿ ಮಿನ್ 1941ರ ಜನವರಿಯಲ್ಲಿ ಚೀನಾದ ಕಡೆಯಿಂದ ತಾಯ್ನಾಡಿಗೆ ಕಾಲಿಟ್ಟದ್ದು ಈ ಕಲ್ಲಿನ ಬಳಿಯೇ. ಸಮೀಪದ ಪಾಕ್ ಬೊ ಗವಿಯಲ್ಲಿ ನೆಲೆಸಿದ ಅವರು ಅಲ್ಲಿನ ತೊರೆಗೆ ಲೆನಿನ್ನನ ಹೆಸರನ್ನೂ ಬೆಟ್ಟಕ್ಕೆ ಮಾರ್ಕ್ಸನ ಹೆಸರನ್ನೂ ಇಟ್ಟರು. ಅದೇ ಕಾವ್ ಬಾಂಗ್ ಪ್ರಾಂತಕ್ಕೆ 1979ರ ಫೆಬ್ರವರಿ 17ರಂದು ಚೀನಾದ ಸೇನೆ ನುಗ್ಗಿತು.

ಇದನ್ನು ‘ಗಡಿ ಯುದ್ಧ’ ಎಂದು ಕರೆಯುವುದು ರೂಢಿ, ಓದುಗರು ಎಡವುವುದೂ ಆ ಹೆಸರಿನಲ್ಲಿಯೇ. ಗಡಿಯ ತಕರಾರುಗಳು ಇದ್ದವು ಎಂಬುದು ನಿಜ. ಹನೋಯ್‌ನಿಂದ ಬರುವ ರೈಲುಹಳಿ ಚೀನಾದ ಹಳಿಯನ್ನು ಕೂಡುವ ಜಾಗ ತನ್ನ ನೆಲದ ಒಳಗೆ ಮುನ್ನೂರು ಮೀಟರಿಗೂ ಹೆಚ್ಚು ದೂರದಲ್ಲಿದ್ದರೂ ಚೀನಾ ಅದನ್ನೇ ಗಡಿಯೆಂದು ಸಾಧಿಸುತ್ತಿದೆ ಎಂದು ವಿಯೆಟ್ನಾಂ ದೂರುತ್ತಿತ್ತು. ಆದರೆ 1999ರ ಗಡಿ ಒಪ್ಪಂದದ ವೇಳೆಗೆ ಲೆಕ್ಕ ಹಾಕಿದಾಗ ವಿವಾದಿತ ನೆಲವೆಲ್ಲ ಸೇರಿ ಸುಮಾರು 227 ಚದರ ಕಿಲೋಮೀಟರ್, ಅಂದರೆ ಹೆಚ್ಚುಕಡಿಮೆ ಒಂದು ಹೋಬಳಿಯಷ್ಟಾಯಿತು. ಅದರಲ್ಲಿ ವಿಯೆಟ್ನಾಂಗೆ 113, ಚೀನಾಕ್ಕೆ 114 ಚದರ ಕಿಲೋಮೀಟರ್ ಸಂದು, 2008ರ ಕೊನೆಯ ಹೊತ್ತಿಗೆ ಹೊಸ ಗಡಿಕಲ್ಲುಗಳೂ ನಿಂತವು. ಇಷ್ಟು ಸಮಸಮವಾಗಿ ಹಂಚಿಹೋದ ನೆಲಕ್ಕಾಗಿ ಎರಡು ಲಕ್ಷಕ್ಕೂ ಹೆಚ್ಚು ಸೈನಿಕರನ್ನು ಕಳಿಸಲಾಯಿತೆಂದು ನಂಬುವುದು ಕಷ್ಟ.

ಕಾರಣವಿದ್ದದ್ದು ಕಾಂಬೋಡಿಯಾದ ರಾಜಧಾನಿ ನೋಮ್ ಪೆನ್ ಮತ್ತು ಮಾಸ್ಕೋಗಳಲ್ಲಿ. ಕಾಂಬೋಡಿಯಾದ ಕಮ್ಯುನಿಸ್ಟ್ ಆಡಳಿತವಾದ ಖ್ಮೇರ್ ರೂಜ್ ವಿಯೆಟ್ನಾಂನ ಹಳ್ಳಿಗಳ ಮೇಲೆ ದಾಳಿ ನಡೆಸುತ್ತಿತ್ತು, ಅದಕ್ಕೆ ಚೀನಾದ ಬೆಂಬಲವಿತ್ತು; ವಿಯೆಟ್ನಾಂ ಸೋವಿಯತ್ ಒಕ್ಕೂಟದ ಮಿತ್ರನಾಗಿತ್ತು. (ಕಮ್ಯುನಿಸ್ಟರು ತಮ್ಮತಮ್ಮಲ್ಲಿ ಕಾದಾಡುವುದಿಲ್ಲವೆಂಬ ನಂಬಿಕೆಗೆ ಇಲ್ಲಿ ಒಂದಲ್ಲ, ಎರಡು ಪೆಟ್ಟು.) ವಿಯೆಟ್ನಾಂ 1978ರ ಡಿಸೆಂಬರ್ 25ರಂದು ಕಾಂಬೋಡಿಯಾದ ಮೇಲೆ ದೊಡ್ಡ ದಾಳಿ ಆರಂಭಿಸಿ, ಜನವರಿ 7ರಂದು ನೋಮ್ ಪೆನ್ ಹಿಡಿದಾಗ, ಅದಕ್ಕೆ ‘ಪಾಠ’ ಕಲಿಸಬೇಕೆಂದು ಚೀನಾದ ನಾಯಕ ಡೆಂಗ್ ಷಿಯಾವೊಪಿಂಗ್ ಬಹಿರಂಗವಾಗಿಯೇ ಸಾರಿದರು. ಫೆಬ್ರವರಿಯಲ್ಲಿ ವಿಯೆಟ್ನಾಂ ಮೇಲೆ ಚೀನಾದ ದಾಳಿ ನಡೆದಾಗ ಚೀನಾ ಪ್ರವಾಸದಲ್ಲಿದ್ದ ಭಾರತದ ವಿದೇಶಾಂಗ ಸಚಿವ ಅಟಲ್ ಬಿಹಾರಿ ವಾಜಪೇಯಿ ಪ್ರವಾಸವನ್ನು ಮೊಟಕುಗೊಳಿಸಿ ಮರಳಿದರು.

ಚೀನಾದ ಸೇನೆ ಲಾಂಗ್ ಸೊನ್ ಪಟ್ಟಣವನ್ನು ಹಿಡಿದು, ಮಾರ್ಚ್ 5ರಂದು ವಾಪಸಾತಿಯನ್ನು ಘೋಷಿಸಿ, 16ರ ಹೊತ್ತಿಗೆ ಹಿಂದಿರುಗಿತು. ಗೆದ್ದೆವೆಂದು ಇಬ್ಬರೂ ಹೇಳಿಕೊಂಡರು. ಸೋವಿಯತ್ ಸೇನೆ ವಿಯೆಟ್ನಾಂನ ನೆರವಿಗೆ ಇಳಿಯುವುದಿಲ್ಲವೆಂಬುದನ್ನು ಡೆಂಗ್ ತೋರಿಸಿಕೊಟ್ಟರೇನೋ ಸರಿ, ಆದರೆ ವಿಯೆಟ್ನಾಂ ಕಾಂಬೋಡಿಯಾದಿಂದ ತನ್ನ ಪಡೆಗಳನ್ನು ತೆಗೆದದ್ದು 1989ರಲ್ಲಿ. ಅಷ್ಟರಲ್ಲಿ ಗಡಿಯ ವಿ ಷುಯೆನ್ ಬೆಟ್ಟಗಳಲ್ಲಿ 1984ರಿಂದ ಮತ್ತೆ ವರ್ಷಗಟ್ಟಲೆ ರಕ್ತ ಹರಿದಿತ್ತು. ರಾಜತಾಂತ್ರಿಕ ಸಂಬಂಧ ಸರಿಹೋದದ್ದು 1991ರಲ್ಲಿ.

ಈ ವಿಷಯವನ್ನು ಮುಂದೆ ಅಭ್ಯಾಸ ಮಾಡಬಯಸುವವರು ಗಡಿಯ ನಕ್ಷೆಯನ್ನು ಸ್ವಲ್ಪ ಹೊತ್ತು ಮಡಚಿಟ್ಟು, 1978ರ ಒಂದೇ ವರ್ಷವನ್ನು ತಿಂಗಳು ತಿಂಗಳಾಗಿ ಓದಬೇಕು: ಜೂನ್‌ನಲ್ಲಿ ಸೋವಿಯತ್ ಬಣದ ಆರ್ಥಿಕ ಒಕ್ಕೂಟವಾದ ಕಾಮೆಕಾನ್‌ಗೆ ವಿಯೆಟ್ನಾಂ ಸೇರಿದ್ದು, ಜುಲೈನಲ್ಲಿ ಚೀನಾ ನೆರವು ನಿಲ್ಲಿಸಿದ್ದು, ನವೆಂಬರ್ 3ರಂದು ಮಾಸ್ಕೋದಲ್ಲಿ ಮೈತ್ರಿ ಒಪ್ಪಂದಕ್ಕೆ ಸಹಿ ಬಿದ್ದದ್ದು, ಇವುಗಳಿಂದ ಓದು ಆರಂಭವಾಗಲಿ.