ಬೆಟ್ಟದಿಂದ ವಿದ್ಯಾರ್ಥಿಗಳು ತಂದದ್ದೇನು, ಕೊಟ್ಟದ್ದೇನು?

ಕಳೆದ ವರ್ಷದ ಜನವರಿಯಲ್ಲಿ ಬೆಂಗಳೂರಿನ ಕಾಲೇಜೊಂದರ 42 ವಿದ್ಯಾರ್ಥಿಗಳೊಡನೆ ನಾನು ನೀಲಗಿರಿಗೆ ಹೋಗಿದ್ದೆ. ‘ಸಾಂಸ್ಕೃತಿಕ ಅನುಭವ ಮತ್ತು ಸೇವಾ ಕಲಿಕೆ’ ಎಂಬ ಹೆಸರಿನ ನಾಲ್ಕು ದಿನಗಳ ಪ್ರವಾಸ ಅದು. ತೋಡ ಸಮುದಾಯದ ಕಸೂತಿ ಕಲೆಯನ್ನು ನೋಡುವುದು, ಒಂದಿಷ್ಟು ಕಲಿಯುವುದು, ಪ್ರತಿಯಾಗಿ ಅಲ್ಲಿ ಏನಾದರೂ ಸೇವೆ ಮಾಡುವುದು ಅದರ ಉದ್ದೇಶ. ನನ್ನ ತಮ್ಮನ ಮಗಳು ಆ ತಂಡದಲ್ಲಿದ್ದಳು. ಅರ್ಥಶಾಸ್ತ್ರ ಓದಿದ ನಿವೃತ್ತ ಅಧಿಕಾರಿ ಎಂಬ ಕಾರಣಕ್ಕೆ ಬೆಟ್ಟದ ಜನರ ಆರ್ಥಿಕತೆಯ ಬಗ್ಗೆ ಒಂದು ಗಂಟೆ ಮಾತನಾಡಲು ನನ್ನನ್ನೂ ಕರೆದಿದ್ದರು. ಮಾತನಾಡಿದೆ. ಆದರೆ ಆ ನಾಲ್ಕು ದಿನಗಳಲ್ಲಿ ನಾನು ಹೇಳಿದ್ದಕ್ಕಿಂತ ಕೇಳಿಸಿಕೊಂಡದ್ದೇ ಹೆಚ್ಚು ಬೆಲೆಯುಳ್ಳದ್ದು.

ಉದಕಮಂಡಲದಿಂದ ತುಸು ದೂರದ ಒಂದು ಮಂದಿಗೆ ನಾವು ಹೋದೆವು. ಮಂದು ಎಂದರೆ ತೋಡರ ವಸತಿ. ಕೆಲವೇ ಮನೆಗಳು, ಎಮ್ಮೆಗಳ ದೊಡ್ಡಿ, ಸ್ವಲ್ಪ ಅಂತರದಲ್ಲಿ ಗುಡಿ. ಅಂಗಳದಲ್ಲಿ ಅರವತ್ತು ದಾಟಿದ ಹೆಂಗಸೊಬ್ಬರು ಬಿಳಿ ಬಟ್ಟೆಯೊಂದನ್ನು ತೊಡೆಯ ಮೇಲೆ ಹರಡಿಕೊಂಡು ಕುಳಿತಿದ್ದರು. ವಿದ್ಯಾರ್ಥಿಗಳು ಸುತ್ತ ನೆರೆದರು, ಮೊಬೈಲುಗಳು ಮೇಲೆದ್ದವು. ಆಕೆ ಮೂರು ದಿನವೂ ಬೇಸರಿಸದೆ ಸೂಜಿ ಹಿಡಿಯುವುದನ್ನು, ಎಳೆ ಎಣಿಸುವುದನ್ನು ತೋರಿಸಿಕೊಟ್ಟರು. ತೋಡ ಭಾಷೆ ನನಗೆ ತಿಳಿಯದು. ಆದರೆ ಬಡಗ ಮಾತು ಕನ್ನಡಕ್ಕೆ ಹತ್ತಿರದ್ದು. ಆಕೆಗೆ ಅದು ಬರುತ್ತಿತ್ತು. ಅದರೊಡನೆ ಒಂದಿಷ್ಟು ತಮಿಳು ಬೆರೆಸಿ ನಾವಿಬ್ಬರೂ ಮಾತನಾಡಿದೆವು. ಮೂರನೆಯ ಸಂಜೆ ಮಕ್ಕಳೆಲ್ಲ ಬಸ್ಸಿನ ಕಡೆ ಹೊರಟ ಮೇಲೆ ಆಕೆ ಕೇಳಿದರು: ‘ಅಣ್ಣಾ, ಈ ತಿಂಗಳು ಒಂದು ಹೊದಿಕೆ ಮುಗಿಸಿ ಕೊಡಬೇಕಿತ್ತು. ಮೂರು ದಿನ ಕೈ ನಿಂತಿತು. ಆ ಮೂರು ದಿನ ಯಾರ ಲೆಕ್ಕಕ್ಕೆ?’

ಸರ್ಕಾರಿ ಸೇವೆಯಲ್ಲಿ ಮೂರು ದಶಕಗಳಿಗೂ ಹೆಚ್ಚು ಕಾಲ ಕಡತ ನೋಡಿದವನಿಗೆ ಉತ್ತರ ಸಿಗದ ಪ್ರಶ್ನೆಯೇನೂ ಅಲ್ಲ ಅದು. ಅರ್ಥಶಾಸ್ತ್ರದ ಮೊದಲ ವರ್ಷದ ಪಠ್ಯದಲ್ಲೇ ಇದೆ: ಒಂದು ಕೆಲಸಕ್ಕೆ ಕೊಟ್ಟ ಹೊತ್ತಿನ ಬೆಲೆಯೆಂದರೆ ಅದಕ್ಕಾಗಿ ಬಿಟ್ಟುಕೊಟ್ಟ ಇನ್ನೊಂದು ಕೆಲಸ. ಹಿಂದಿರುಗಿದ ಮೇಲೆ ಪ್ರವಾಸದ ಖರ್ಚಿನ ಪಟ್ಟಿ ಕೇಳಿ ನೋಡಿದೆ. ವಿದ್ಯಾರ್ಥಿಯೊಬ್ಬರಿಗೆ ಒಂಬತ್ತು ಸಾವಿರ ರೂಪಾಯಿಯಂತೆ ಸಂಗ್ರಹವಾದದ್ದು 3 ಲಕ್ಷ 78 ಸಾವಿರ. ಬಸ್ಸು, ವಸತಿ, ಊಟ, ಪ್ರವಾಸ ಏರ್ಪಡಿಸಿದವರ ಶುಲ್ಕ, ಬ್ಯಾನರು, ಪ್ರಮಾಣಪತ್ರ ಎಲ್ಲಕ್ಕೂ ಒಂದೊಂದು ಸಾಲಿತ್ತು. ಕಲಿಸಿದವರ ಪಾಲಿಗೆ ಇದ್ದದ್ದು ‘ನೆನಪಿನ ಕಾಣಿಕೆ’ ಎಂಬ ತಲೆಬರಹದಡಿ ಆರು ಸಾವಿರ ರೂಪಾಯಿ. ಅದರಲ್ಲೂ ಹಣವಾಗಿ ಅವರ ಕೈಸೇರಿದ್ದು ಏನೂ ಇಲ್ಲ. ಸ್ಟೀಲಿನ ಡಬ್ಬಿಗಳು ಮತ್ತು ಶಾಲುಗಳು. ಕಸೂತಿಯ ಹೊದಿಕೆ ಹೊಲಿಯುವವರಿಗೆ ನಾವು ಶಾಲು ಹೊದಿಸಿ ಬಂದಿದ್ದೆವು.

ಎಳೆ ಎಣಿಸುವ ವಿದ್ಯೆ

ನಾವು ನೋಡಲು ಹೋದದ್ದು ಸಾಮಾನ್ಯ ವಿದ್ಯೆಯಲ್ಲ. ತೋಡರ ಒಟ್ಟು ಸಂಖ್ಯೆಯೇ ಎರಡು ಸಾವಿರದ ಆಸುಪಾಸು. ಅವರ ಹೊದಿಕೆಗೆ ಪೂತ್‌ಕುಳಿ ಎಂದು ಹೆಸರು. ದಪ್ಪ ನೂಲಿನ ಬಿಳಿ ಹತ್ತಿ ಬಟ್ಟೆಯ ಮೇಲೆ ಕೆಂಪು ಮತ್ತು ಕಪ್ಪು ದಾರದ ಕೆಲಸ. ಬಟ್ಟೆಯ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳುವುದಿಲ್ಲ, ಚೌಕಟ್ಟಿಗೆ ಬಿಗಿಯುವುದಿಲ್ಲ. ನೇಯ್ಗೆಯ ಎಳೆಗಳನ್ನು ಎಣಿಸುತ್ತ ಸೂಜಿ ಸಾಗಬೇಕು. ಒಂದು ಎಳೆ ತಪ್ಪಿದರೆ ಸಾಲೆಲ್ಲ ತಪ್ಪುತ್ತದೆ. ಹೆಂಗಸರಷ್ಟೇ ಮಾಡುವ ಈ ಕೆಲಸದಲ್ಲಿ ಎಮ್ಮೆಯ ಕೊಂಬು, ಹೂವು, ಸೂರ್ಯ ಚಂದ್ರರು ಕಾಣಿಸಿಕೊಳ್ಳುತ್ತಾರೆ. ಹಬ್ಬ ಹರಿದಿನಗಳಲ್ಲಿ ಗಂಡಸರೂ ಹೆಂಗಸರೂ ಹೊದೆಯುವ ಪೂತ್‌ಕುಳಿಯನ್ನೇ ಸತ್ತವರಿಗೂ ಹೊದಿಸಿ ಕಳುಹಿಸುತ್ತಾರೆ. ಹಾಗಾಗಿ ಅದನ್ನು ಅಂಗಡಿಯ ಸರಕಾಗಿ ಮಾತ್ರ ನೋಡುವುದು ತಪ್ಪಾಗುತ್ತದೆ.

2013ರಲ್ಲಿ ತೋಡ ಕಸೂತಿಗೆ ಜಿಐ ಎಂದು ಕರೆಯುವ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. 1999ರ ಕಾಯ್ದೆ 2003ರಲ್ಲಿ ಜಾರಿಗೆ ಬಂದ ಮೇಲೆ ನಮ್ಮ ಚನ್ನಪಟ್ಟಣದ ಗೊಂಬೆ, ಸಂಡೂರಿನ ಲಂಬಾಣಿ ಕಸೂತಿಗಳಿಗೂ ದೊರೆತ ಮಾನ್ಯತೆಯೇ ಇದು. ಆದರೆ ಕಾಯ್ದೆಯಲ್ಲಿ ಒಂದು ಸೂಕ್ಷ್ಮವಿದೆ. ಕಲೆಗೆ ಹೆಸರು ನೋಂದಣಿಯಾದರೆ ಸಾಲದು. ಆ ಹೆಸರನ್ನು ಬಳಸುವ ಹಕ್ಕು ಪಡೆಯಲು ಕುಶಲಕರ್ಮಿಯು ‘ಅಧಿಕೃತ ಬಳಕೆದಾರ’ ಎಂದು ಪ್ರತ್ಯೇಕವಾಗಿ ನೋಂದಾಯಿಸಿಕೊಳ್ಳಬೇಕು. ನೋಂದಣಿಯನ್ನು ಹತ್ತು ವರ್ಷಕ್ಕೊಮ್ಮೆ ನವೀಕರಿಸಲೂಬೇಕು. ಅಂದರೆ ಅರ್ಜಿ, ದಾಖಲೆ, ಪತ್ರವ್ಯವಹಾರ. ಇಂಥ ಕೆಲಸ ಪದವಿ ವಿದ್ಯಾರ್ಥಿಗೆ ಎರಡು ದಿನದ್ದು. ಬೆಟ್ಟದ ಮೇಲಿನ ಕಸೂತಿಗಾರ್ತಿಗೆ ಹಲವು ಬಾರಿ ಬಸ್ಸು ಹತ್ತಿಳಿಯುವಂಥದ್ದು. ನಮ್ಮ ಮಕ್ಕಳು ಅಲ್ಲಿ ಮಾಡಿದ ಸೇವೆ ಯಾವುದು? ಅಂಗನವಾಡಿಯ ಗೋಡೆಗೆ ಬಣ್ಣ ಬಳಿದು ಆನೆ, ಚಿಟ್ಟೆಗಳನ್ನು ಬರೆದದ್ದು. ಹಿಂದಿನ ವರ್ಷ ಬಂದಿದ್ದ ಇನ್ನೊಂದು ತಂಡವೂ ಅದೇ ಗೋಡೆಗೆ ಬಣ್ಣ ಬಳಿದಿತ್ತೆಂದು ಆಮೇಲೆ ತಿಳಿಯಿತು.

ಕೊಡುಕೊಳ್ಳುವಿಕೆಯ ನಾಡು

ನೀಲಗಿರಿಯ ಚರಿತ್ರೆ ಬಲ್ಲವರಿಗೆ ಇದು ಇನ್ನಷ್ಟು ವಿಚಿತ್ರವೆನಿಸುತ್ತದೆ. ಆ ಬೆಟ್ಟದಲ್ಲಿ ಬಹುಕಾಲ ನಡೆದದ್ದು ಕೊಡುಕೊಳ್ಳುವಿಕೆಯ ವ್ಯವಸ್ಥೆ. ತೋಡರು ಹಾಲು ತುಪ್ಪ ಕೊಡುತ್ತಿದ್ದರು. ಕೋತರು ಕಬ್ಬಿಣದ ಹತಾರು, ಮಣ್ಣಿನ ಮಡಕೆ ಮಾಡಿಕೊಡುತ್ತಿದ್ದರು, ನೆರೆಯವರ ಸಾವಿನ ಮನೆಗೆ ಬಂದು ವಾದ್ಯ ನುಡಿಸುತ್ತಿದ್ದರು. ಮೈಸೂರು ಸೀಮೆಯಿಂದ ಬೆಟ್ಟ ಹತ್ತಿದ ಬಡಗರು, ಅಂದರೆ ಬಡಗಣ ದಿಕ್ಕಿನವರು, ಧಾನ್ಯ ಬೆಳೆದು ಕೊಡುತ್ತಿದ್ದರು. ಕುರುಂಬರಿಂದ ಜೇನು ಮತ್ತಿತರ ಕಾಡಿನ ಉತ್ಪನ್ನ ಬರುತ್ತಿತ್ತು. ಮೇಲು ಕೀಳಿನ ಭಾವನೆ ಅಲ್ಲಿ ಇರಲಿಲ್ಲವೆಂದು ನಾನು ಹೇಳಲಾರೆ. ಆದರೆ ಕೊಟ್ಟದ್ದಕ್ಕೆ ಪ್ರತಿಯಾಗಿ ಇಂಥದ್ದು ಬರಬೇಕೆಂಬುದು ಪ್ರತಿ ಮನೆಗೂ ಗೊತ್ತಿತ್ತು. ಪೇಟೆ, ಚಹಾ ತೋಟ, ನಗದು ವ್ಯವಹಾರಗಳು ಬಲಿತಂತೆ 1930ರ ದಶಕದ ಹೊತ್ತಿಗೆ ಆ ಬಂಧ ಸಡಿಲವಾಯಿತು. ಹುಲ್ಲುಗಾವಲುಗಳನ್ನು ನೀಲಗಿರಿ ಮರ ಮತ್ತು ವಾಟಲ್ ನೆಡುತೋಪುಗಳು ಆಕ್ರಮಿಸಿದಂತೆ ತೋಡರ ಎಮ್ಮೆಗಳೂ ಕಡಿಮೆಯಾದವು. ಹಾಲಿನ ಆದಾಯ ಕುಗ್ಗಿದ ಮನೆಗೆ ಸೂಜಿಯ ಆದಾಯದ ಬೆಲೆ ಎಷ್ಟೆಂಬುದನ್ನು ಓದುಗರು ಊಹಿಸಬಹುದು.

ನೋಡಲು ಬರುವವರೂ ತೋಡರಿಗೆ ಹೊಸಬರಲ್ಲ. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ 1819ರಲ್ಲಿ ಬೆಟ್ಟ ಹತ್ತಿದಂದಿನಿಂದ ಅವರನ್ನು ನೋಡಲು ಬಂದವರ ಸಾಲು ಮುಗಿದಿಲ್ಲ. ರಿವರ್ಸ್ ಎಂಬ ವಿದ್ವಾಂಸರು ಅವರ ಬಗ್ಗೆ ದೊಡ್ಡ ಗ್ರಂಥವನ್ನೇ 1906ರಲ್ಲಿ ಪ್ರಕಟಿಸಿದರು. ಮುಂದೆ ಎಮಿನೋ ಅವರ ಭಾಷೆ, ಹಾಡುಗಳನ್ನು ದಾಖಲಿಸಿದರು. ಇವರು ಕಾಲ ಕೊಟ್ಟು, ಕಲಿತು ಬರೆದವರು. ನಾಲ್ಕು ದಿನಕ್ಕೆ ಬಂದು ಹೋಗುವ ನಮ್ಮಂಥವರು ಮಾತ್ರ ತಾವು ಏನನ್ನೋ ಕೊಡಲು ಬಂದಿದ್ದೇವೆಂದು ನಂಬಿರುತ್ತೇವೆ.

ಇದನ್ನು ಬರೆಯುವಾಗ ನನ್ನ ತಪ್ಪನ್ನೂ ಹೇಳಿಕೊಳ್ಳಬೇಕು. 1980ರ ದಶಕದಲ್ಲಿ ಮಲೆನಾಡಿನ ತಾಲ್ಲೂಕೊಂದರಲ್ಲಿ ನಾನು ಕಿರಿಯ ಅಧಿಕಾರಿ. ಬಿದಿರಿನ ಬುಟ್ಟಿ, ಮೊರ ಹೆಣೆಯುವ ಮೇದಾರ ಕುಟುಂಬಗಳಿಗೆ ಪೀಠೋಪಕರಣ ತಯಾರಿಕೆಯ ತರಬೇತಿ ಕೊಡಿಸಿದೆ. ಹದಿನೈದು ದಿನ, ಇಪ್ಪತ್ತು ಮಂದಿ. ಕುರ್ಚಿಗಳು ಚೆನ್ನಾಗಿಯೇ ಬಂದವು, ಕೊಳ್ಳುವವರು ಬರಲಿಲ್ಲ. ಆ ಹದಿನೈದು ದಿನಗಳಲ್ಲಿ ಒಕ್ಕಣೆಯ ಕಾಲದ ಮೊರಗಳ ಬೇಡಿಕೆ ಅವರ ಕೈತಪ್ಪಿಹೋಗಿತ್ತು. ‘ಸ್ವಾಮಿ, ನಮಗೆ ಬೇಕಾದದ್ದು ಬಿದಿರು, ತರಬೇತಿಯಲ್ಲ’ ಎಂದು ಹಿರಿಯರೊಬ್ಬರು ಮೊದಲೇ ಹೇಳಿದ್ದರು. ನಾನು ಕೇಳಿಸಿಕೊಂಡೆ, ಆದರೆ ಯೋಜನೆಯಲ್ಲಿ ಬಿದಿರಿಗೆ ಹಣವಿರಲಿಲ್ಲ, ತರಬೇತಿಗೆ ಇತ್ತು. ಗುರಿ ಪೂರ್ಣವಾಗಿ ಸಾಧಿಸಲಾಗಿದೆ ಎಂಬ ವರದಿಗೆ ಸಹಿ ಹಾಕಿದವನೂ ನಾನೇ. ಆದ್ದರಿಂದ ಇಂದಿನ ಅಧ್ಯಾಪಕರನ್ನಾಗಲೀ ಮಕ್ಕಳನ್ನಾಗಲೀ ದೂರುವ ನೈತಿಕ ಹಕ್ಕು ನನಗಿಲ್ಲ. ಆ ವರದಿಯ ಭಾಷೆ ಮಾತ್ರ ನನಗೆ ಚೆನ್ನಾಗಿ ಪರಿಚಿತ.

ಒಂದು ಟೀ ಶರ್ಟಿನ ಪ್ರಸಂಗ

ಊರಿಗೆ ಬಂದ ಒಂದು ತಿಂಗಳಿಗೆ ಕಾಲೇಜಿನ ಉತ್ಸವ ನಡೆಯಿತು. ಟೀ ಶರ್ಟಿನ ವಿನ್ಯಾಸ ಸ್ಪರ್ಧೆಯಲ್ಲಿ ನನ್ನ ತಮ್ಮನ ಮಗಳಿಗೆ ಬಹುಮಾನ ಬಂತು. ಮೊಬೈಲಿನಲ್ಲಿ ತೆಗೆದಿದ್ದ ಚಿತ್ರದಿಂದ ಎಮ್ಮೆಕೊಂಬಿನ ಸಾಲನ್ನು ಎತ್ತಿಕೊಂಡು ಎದೆಯ ಮೇಲೆ ಕೆಂಪು ಕಪ್ಪಿನಲ್ಲಿ ಮುದ್ರಿಸಿದ್ದಳು. ಮುನ್ನೂರು ಟೀ ಶರ್ಟುಗಳು ಮಾರಾಟವಾದವು. ಅವಳದು ಕದಿಯುವ ಬುದ್ಧಿಯಲ್ಲ, ಅಭಿಮಾನವೇ. ಆ ಅಭಿಮಾನದಿಂದಲೇ ಚಿತ್ರವನ್ನು ಬೆಟ್ಟದ ಆ ಹೆಂಗಸಿನ ಮಗಳಿಗೆ ಕಳುಹಿಸಿದಳು. ಉತ್ತರವಾಗಿ ಬಂದದ್ದು ಒಂದೇ ಪ್ರಶ್ನೆ: ‘ಇದನ್ನು ಹೊಲಿದವರು ಯಾರು?’

ಅವಳು ಆ ಸಂಜೆ ನನ್ನ ಬಳಿಗೆ ಬಂದಳು. ‘ದೊಡ್ಡಪ್ಪ, ನಾನು ಮಾಡಿದ್ದು ತಪ್ಪಾ?’ ಎಂದಳು. ಕಾನೂನಿನ ಮಾತು ಹೇಳಿ ಸಮಾಧಾನಪಡಿಸಬಹುದಿತ್ತು. ಅದರ ಬದಲು, ಯಂತ್ರದಲ್ಲಿ ಮುದ್ರಿಸಿದ ಅನುಕರಣೆ ಕಡಿಮೆ ಬೆಲೆಗೆ ಸಿಗುವಾಗ ಕೈಯಲ್ಲಿ ಎಳೆ ಎಣಿಸಿದ್ದಕ್ಕೆ ಹೆಚ್ಚು ಬೆಲೆ ಕೊಡಿ ಎಂದು ಕೇಳುವವರ ಸ್ಥಿತಿ ಏನಾಗುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡು ಎಂದೆ. ಹಾಕಿದಳು. ಬಹುಮಾನದ ಹಣವನ್ನು ಆ ಮನೆಗೆ ಕಳುಹಿಸಿದಳು. ಉಳಿದ ಮಾರಾಟ ನಿಲ್ಲಿಸುವಂತೆ ಕಾಲೇಜಿಗೆ ಪತ್ರ ಬರೆದಳು. ಹಣ ತಲುಪಿತು. ಈ ಬರಹ ಸಿದ್ಧವಾಗುವವರೆಗೂ ಪತ್ರಕ್ಕೆ ಉತ್ತರ ಬಂದಿಲ್ಲ.

ಹಾಗಾದರೆ ಇಂಥ ಪ್ರವಾಸಗಳೇ ಬೇಡವೆ? ಒಳ್ಳೆಯ ಉದ್ದೇಶದ ಹೊರಗಿನವರು ಬರದಿರುವುದೇ ವಾಸಿ ಎಂಬರ್ಥದ ಮಾತನ್ನು ಇವಾನ್ ಇಲಿಚ್ 1968ರಲ್ಲಿ ಮೆಕ್ಸಿಕೋದಲ್ಲಿ ಅಮೆರಿಕದ ಸ್ವಯಂಸೇವಕರ ಮುಖಕ್ಕೇ ಹೇಳಿದ್ದರು. ಅಷ್ಟು ದೂರ ಹೋಗಲು ನಾನು ಸಿದ್ಧನಿಲ್ಲ. ಮರುವರ್ಷವೇ, ಗಾಂಧೀಜಿಯ ಜನ್ಮಶತಾಬ್ದಿಯ ಸಂದರ್ಭದಲ್ಲಿ, ನಮ್ಮಲ್ಲಿ ರಾಷ್ಟ್ರೀಯ ಸೇವಾ ಯೋಜನೆ 37 ವಿಶ್ವವಿದ್ಯಾಲಯಗಳ 40 ಸಾವಿರ ವಿದ್ಯಾರ್ಥಿಗಳೊಡನೆ ಆರಂಭವಾಯಿತು. ‘ನಾನಲ್ಲ, ನೀನು’ ಎಂಬುದು ಅದರ ಧ್ಯೇಯ. ಅದರ ಶಿಬಿರಗಳಲ್ಲಿ ಹಳ್ಳಿಯನ್ನು ಮೊದಲ ಬಾರಿಗೆ ಕಂಡು ಬದುಕಿನ ದಿಕ್ಕು ಬದಲಿಸಿಕೊಂಡವರನ್ನು ನಾನು ಬಲ್ಲೆ. ನಮ್ಮ ನೀಲಗಿರಿ ತಂಡದಲ್ಲೇ ವಾಣಿಜ್ಯ ಓದುವ ಹುಡುಗನೊಬ್ಬ ಗೋಡೆಗೆ ಬಣ್ಣ ಬಳಿಯಲು ಹೋಗದೆ, ಆ ಮನೆಯ ಮಗಳೊಡನೆ ಕುಳಿತು ಬಟ್ಟೆ, ದಾರ, ಗಂಟೆಗಳ ಲೆಕ್ಕ ಬರೆದ. ಒಂದು ಹೊದಿಕೆಗೆ ಕೈಸೇರುವ ಹಣವನ್ನು ಅದು ತಿನ್ನುವ ಗಂಟೆಗಳಿಂದ ಭಾಗಿಸಿದಾಗ ಬಂದ ಮೊತ್ತ ಕಂಡು ಇಬ್ಬರೂ ಸುಮ್ಮನಾದರು. ಆ ಹಾಳೆಯನ್ನು ಅವರು ಜೋಪಾನವಾಗಿ ತೆಗೆದಿಟ್ಟುಕೊಂಡರು. ನಾಲ್ಕು ದಿನಗಳಲ್ಲಿ ನಡೆದ ನಿಜವಾದ ಸೇವೆ ಅದೊಂದೇ.

ಈಗ ಸಮುದಾಯದೊಡನೆ ಕಲಿಯುವುದಕ್ಕೆ ಕ್ರೆಡಿಟ್ ಕೊಡುವ ಪದ್ಧತಿ ಉನ್ನತ ಶಿಕ್ಷಣದಲ್ಲಿ ಬೇರೂರುತ್ತಿದೆ. ಹಾಗಿರುವಾಗ ಕೆಲವು ನಿಯಮಗಳನ್ನಾದರೂ ಕಾಲೇಜುಗಳು ಒಪ್ಪಿಕೊಳ್ಳಬೇಕು. ಮೊದಲನೆಯದು, ಎಷ್ಟು ಮಂದಿ, ಯಾವ ತಿಂಗಳು ಎಂಬುದನ್ನು ಅತಿಥೇಯರು ನಿರ್ಧರಿಸಲಿ, ಶೈಕ್ಷಣಿಕ ವೇಳಾಪಟ್ಟಿಯಲ್ಲ. ಎರಡನೆಯದು, ಕಲಿಸುವ ಕುಶಲಕರ್ಮಿಗೆ ಅತಿಥಿ ಉಪನ್ಯಾಸಕರಿಗೆ ಸಲ್ಲುವ ಗೌರವಧನವನ್ನೇ ಕೊಡಬೇಕು, ಅದೂ ಬ್ಯಾಂಕ್ ಖಾತೆಗೆ. ನನ್ನ ಒಂದು ಗಂಟೆಯ ಮಾತಿಗೆ ಕೊಡಬಂದವರು ಆಕೆಯ ಮೂರು ದಿನಕ್ಕೆ ಕೊಡಲಾರೆವೆನ್ನುವುದು ಯಾವ ನ್ಯಾಯ? ಮೂರನೆಯದು, ಚಿತ್ರ ಮತ್ತು ವಿನ್ಯಾಸಗಳ ಬಳಕೆಗೆ ಮುಂಚಿತವಾದ ಒಪ್ಪಿಗೆ ಬೇಕು. ಪೂಜಾರಿಯ ಹೊರತು ಬೇರೆಯವರು ಒಳಹೋಗದ ತೋಡರ ಗುಡಿಯ ಬಳಿ ಹೇಗಿರಬೇಕೆಂಬುದನ್ನು ಬಸ್ಸು ಹತ್ತುವ ಮುನ್ನವೇ ಹೇಳಿಕೊಡಬೇಕು. ನಾಲ್ಕನೆಯದು, ಒಂದು ಕಾಲೇಜು ಒಂದೇ ಊರಿನೊಡನೆ ಕೆಲವು ವರ್ಷ ನಂಟು ಉಳಿಸಿಕೊಳ್ಳಲಿ. ಈ ವರ್ಷ ಆರಂಭಿಸಿದ ಅರ್ಜಿಯನ್ನು ಮುಂದಿನ ವರ್ಷದವರು ಮುಂದುವರಿಸಲಿ. ಕೊನೆಯದು, ವಿದ್ಯಾರ್ಥಿಯ ವರದಿಯನ್ನು ಅಲ್ಲಿನ ಜನರಿಗೆ ಅವರ ಮಾತಿನಲ್ಲಿ ಓದಿ ಹೇಳಬೇಕು, ಅಂಕದಲ್ಲಿ ಒಂದು ಪಾಲು ಅವರ ಕೈಯಲ್ಲಿರಬೇಕು.

ಇದರಿಂದ ಪ್ರವಾಸದ ಖರ್ಚು ಹೆಚ್ಚುತ್ತದೆ ಎಂಬ ಆಕ್ಷೇಪಣೆ ಬರುತ್ತದೆ. ಹೆಚ್ಚುವುದಿಲ್ಲ, ಇಷ್ಟು ದಿನ ಕುಶಲಕರ್ಮಿಗಳು ಭರಿಸುತ್ತಿದ್ದ ಖರ್ಚು ನಮ್ಮ ಪಟ್ಟಿಗೆ ಬರುತ್ತದೆ, ಅಷ್ಟೆ. ಅದರಿಂದ ಪ್ರವಾಸಗಳ ಸಂಖ್ಯೆ ಕಡಿಮೆಯಾದರೆ ನಷ್ಟವೇನೂ ಇಲ್ಲ.

ಮುಂದಿನ ರಜೆಯಲ್ಲಿ ನನ್ನ ತಮ್ಮನ ಮಗಳು ಮತ್ತು ಆ ವಾಣಿಜ್ಯದ ಹುಡುಗ ಮತ್ತೆ ನೀಲಗಿರಿಗೆ ಹೋಗಲಿದ್ದಾರೆ. ಈ ಬಾರಿ ಬ್ಯಾನರಿಲ್ಲ, ಕ್ರೆಡಿಟ್ಟೂ ಇಲ್ಲ. ಬರಬಹುದೇ ಎಂದು ಮೊದಲು ಕೇಳಿದ್ದಾರೆ. ಕೈಯಲ್ಲಿರುವ ಹೊದಿಕೆ ಮುಗಿದ ಮೇಲೆ ಬನ್ನಿ, ಅರ್ಜಿಯ ಕಾಗದಗಳನ್ನು ತನ್ನಿ ಎಂಬ ಉತ್ತರ ಬಂದಿದೆ. ಅವರು ಕಾಯುತ್ತಿದ್ದಾರೆ.